ಗಾಳಿ ಇಟ್ಟ ಹೆಪ್ಪು

ಬ್ರಸೆಲ್ಸಿನ ಮಿಡಿ ರೈಲು ನಿಲ್ದಾಣದಿಂದ ಹೊರಬಿದ್ದು ಹತ್ತು ಹದಿನೈದು ನಿಮಿಷ ನಡೆದರೆ ಆಂಡರ್ಲೆಕ್ಟ್ ಭಾಗದ ಗ್ಯೂಡ್ ರಸ್ತೆ ಸಿಗುತ್ತದೆ. ಅಲ್ಲಿನ 56ನೇ ನಂಬರಿನ ಕಟ್ಟಡ ಹೊರಗಿನಿಂದ ಹಳೇ ಗೋದಾಮಿನಂತೆ ಕಾಣುತ್ತದೆ. ಬಾಗಿಲು ದಾಟಿದ ಕೂಡಲೇ ಮೂಗಿಗೆ ಬಡಿಯುವುದು ಒದ್ದೆ ಮರ, ಹುಳಿಹಣ್ಣು, ಗಾಳಿಯಾಡದ ನೆಲಮಾಳಿಗೆ ಎಲ್ಲವೂ ಕಲೆತ ವಾಸನೆ. ತೊಲೆಗಳ ಸಂದಿಯಲ್ಲಿ ಜೇಡರ ಬಲೆ ಜೋತಾಡುತ್ತಿರುತ್ತದೆ. ಅದನ್ನು ಯಾರೂ ಗುಡಿಸುವುದಿಲ್ಲ. ಇದು ಕಾಂತಿಯೋನ್ ಬ್ರೂವರಿ. ಟಿಕೆಟ್ ಪಡೆದು ಒಳಬಂದವರಿಗೆ ಇಲ್ಲಿಯವರು ಮೊದಲು ತಮ್ಮ ಕೆಲಸವನ್ನು ಬಾಯಿಮಾತಿನಲ್ಲಿ ತಿಳಿಸಿಕೊಡುತ್ತಾರೆ. ಆಮೇಲೆ ಅಟ್ಟದಿಂದ ಪೀಪಾಯಿಗಳ ಸಾಲಿನವರೆಗೆ ಒಂದು ಸುತ್ತು. ಲೋಟ ಕೈಗೆ ಬರುವುದು ಕೊನೆಯಲ್ಲಿ.

ಆ ಕ್ರಮಕ್ಕೆ ಅರ್ಥವಿದೆ. ಮೊದಲೇ ಲೋಟ ಕೊಟ್ಟರೆ, ಬಿಯರ್ ಎಂದರೆ ತಣ್ಣಗೆ, ಬಂಗಾರದ ಬಣ್ಣಕ್ಕೆ, ಸ್ವಲ್ಪ ಕಹಿಯಾಗಿ ಇರುವ ಪಾನೀಯ ಎಂದುಕೊಂಡು ಬಂದವರು ಒಂದು ಗುಟುಕಿಗೇ ಹಿಂದೆ ಸರಿಯುತ್ತಾರೆ. ಇಲ್ಲಿನದು ಹುಳಿ. ನಾಲಿಗೆಯ ಅಂಚು ಹಿಡಿದುಕೊಳ್ಳುವಂಥ, ಗಜನಿಂಬೆಯನ್ನು ನೆನಪಿಸುವ ಹುಳಿ. ಇದರ ಹೆಸರು ಲ್ಯಾಂಬಿಕ್. ಇದಕ್ಕೆ ಯೀಸ್ಟ್ ಹಾಕುವುದೇ ಇಲ್ಲ.

ಯೀಸ್ಟ್ ಹಾಕದೆ ಹುದುಗುವುದು ಹೇಗೆ ಎಂದು ಯುರೋಪಿನ, ಅಮೆರಿಕದ ಪ್ರವಾಸಿಗಳು ಬೆರಗಾಗಿ ಕೇಳುತ್ತಾರೆ. ಕನ್ನಡದ ಮನೆಯಲ್ಲಿ ಬೆಳೆದವರಿಗೆ ಈ ಪ್ರಶ್ನೆ ಅಷ್ಟೊಂದು ಕಾಡದು. ಅಕ್ಕಿ ಉದ್ದು ರುಬ್ಬಿ ರಾತ್ರಿ ಮುಚ್ಚಿಟ್ಟರೆ ಬೆಳಗ್ಗೆ ಇಡ್ಲಿ ಹಿಟ್ಟು ಉಬ್ಬಿ ಪಾತ್ರೆಯ ಕಂಠಕ್ಕೆ ಬಂದಿರುತ್ತದೆ. ಅದಕ್ಕೆ ಯಾರೂ ಅಂಗಡಿಯಿಂದ ಏನನ್ನೂ ತಂದು ಬೆರೆಸಿರುವುದಿಲ್ಲ. ಬೇಳೆಯಲ್ಲಿ, ಪಾತ್ರೆಯಲ್ಲಿ, ಕಲಸಿದ ಕೈಯಲ್ಲಿ ಇದ್ದ ಸೂಕ್ಷ್ಮಜೀವಿಗಳೇ ಆ ಕೆಲಸ ಮಾಡಿರುತ್ತವೆ. ಈಚಲ ಮರದ ಹೆಂಡವೂ ಹಾಗೆಯೇ: ಬೆಳಗಿನ ಜಾವಕ್ಕೆ ಸಿಹಿ, ಹೊತ್ತೇರಿದಂತೆ ಹುಳಿ. ಬ್ರಸೆಲ್ಸಿನವರು ಇದೇ ವಿದ್ಯೆಯನ್ನು ಗೋಧಿ ಮತ್ತು ಬಾರ್ಲಿಯ ಮೇಲೆ ಪ್ರಯೋಗಿಸಿದರು. ಒಂದು ರಾತ್ರಿಯಲ್ಲಿ ಮುಗಿಯುವ ಕೆಲಸವನ್ನು ಮೂರು ವರ್ಷಕ್ಕೆ ಎಳೆದರು.

ಕಾಂತಿಯೋನಿನಲ್ಲಿ ಒಂದು ಸಲದ ಅಡುಗೆಗೆ 1,300 ಕಿಲೋ ಧಾನ್ಯ ಹಿಡಿಯುತ್ತದೆ. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬಾರ್ಲಿ ಮಾಲ್ಟ್, ಅಂದರೆ ನಮ್ಮ ರಾಗಿ ಮಾಲ್ಟಿಗೆ ಮಾಡುವಂತೆ ಮೊಳಕೆ ಬರಿಸಿ ಒಣಗಿಸಿದ ಕಾಳು. ಉಳಿದದ್ದು ಮೊಳಕೆ ಬರಿಸದ ಹಸಿ ಗೋಧಿ. ಬಿಸಿನೀರಿನಲ್ಲಿ ಕಲಸಿ, ಸಿಹಿ ಬಿಟ್ಟುಕೊಂಡ ರಸವನ್ನು ಬಸಿದು, ಹಾಪ್ಸ್ ಹೂವು ಹಾಕಿ ಗಂಟೆಗಟ್ಟಲೆ ಕುದಿಸುತ್ತಾರೆ. ಹಾಪ್ಸ್ ಇಲ್ಲಿ ಹೊಸದಲ್ಲ, ಎರಡು ಮೂರು ವರ್ಷ ಹಳೆಯದು. ಕಹಿ ಇಳಿದಿರುತ್ತದೆ, ಕೆಡದಂತೆ ಕಾಯುವ ಗುಣ ಮಾತ್ರ ಉಳಿದಿರುತ್ತದೆ. ಹತ್ತು ಸಾವಿರ ಲೀಟರ್ ರಸ ಕುದಿದು ಕುದಿದು ಏಳೂವರೆ ಸಾವಿರಕ್ಕೆ ಇಳಿಯುತ್ತದೆ. ಆಲೆಮನೆಯ ಕೊಪ್ಪರಿಗೆ ಕಂಡವರಿಗೆ ಆ ಹಬೆ, ಆ ಸಿಹಿ ಕಮಟು ಪರಿಚಿತವೇ.

ಆಮೇಲೆ ನಡೆಯುವುದು ಬೇರೆಲ್ಲೂ ಸುಲಭಕ್ಕೆ ಸಿಗದ ನೋಟ. ಕುದಿಯುವ ರಸವನ್ನು ಮಾಡಿನ ಕೆಳಗಿನ ಅಟ್ಟಕ್ಕೆ ಏರಿಸುತ್ತಾರೆ. ಅಲ್ಲಿ ಕೋಣೆಯಷ್ಟಗಲದ ತಾಮ್ರದ ತೊಟ್ಟಿ ಇದೆ. ಅಗಲ ಬಹಳ, ಆಳ ಕಡಿಮೆ. ಬಿಸಿ ಬೇಗ ಆರಲಿ ಎಂದೇ ಹಾಗೆ. ಗೋಡೆಯ ಕಿಂಡಿಗಳಿಂದ, ಹೆಂಚಿನ ಸಂದಿನಿಂದ ಚಳಿಗಾಲದ ರಾತ್ರಿಯ ಗಾಳಿ ಒಳಬಂದು ರಸದ ಮೇಲೆ ಹಾಯುತ್ತದೆ. ಬೆಳಗಾಗುವ ಹೊತ್ತಿಗೆ ರಸ 18ರಿಂದ 20 ಡಿಗ್ರಿಗೆ ತಣಿದಿರುತ್ತದೆ, ಹೆಪ್ಪೂ ಬಿದ್ದಿರುತ್ತದೆ. ಹೆಪ್ಪು ಇಟ್ಟದ್ದು ಆ ಗಾಳಿ, ಆ ಹೆಂಚು, ಆ ತೊಲೆ. ಅಲ್ಲಿಂದ ರಸ ಮರದ ಪೀಪಾಯಿಗಳಿಗೆ ಇಳಿಯುತ್ತದೆ. ಆ ಮರದಲ್ಲೂ ಹಿಂದಿನ ಬಿಯರಿನ ಜೀವಗಳು ಮನೆಮಾಡಿಕೊಂಡಿರುತ್ತವೆ.

ಜೇಡರ ಬಲೆಯ ಗುಟ್ಟೂ ಇದೇ. ಹಣ್ಣು, ಸಿಹಿ, ಹುಳಿ ಇದ್ದಲ್ಲಿ ನೊಣ ಮುತ್ತುತ್ತವೆ. ಔಷಧಿ ಹೊಡೆದರೆ ಬೇಕಾದ ಜೀವಗಳಿಗೂ ಕೇಡು. ಆದ್ದರಿಂದ ನೊಣ ಹಿಡಿಯುವ ಕೆಲಸ ಜೇಡನ ಪಾಲಿಗೆ ಬಂದಿದೆ.

ಈ ಬಿಯರಿಗೆ ಲ್ಯಾಂಬಿಕ್ ಎಂಬ ಹೆಸರು ಹೇಗೆ ಬಂತು ಎನ್ನುವುದರ ಬಗ್ಗೆ ಒಮ್ಮತವಿಲ್ಲ. ಬ್ರಸೆಲ್ಸಿನ ದಕ್ಷಿಣಕ್ಕಿರುವ ಲೆಂಬೇಕ್ ಎಂಬ ಊರಿನಿಂದ ಬಂತೆಂದು ಕೆಲವರು, ಭಟ್ಟಿ ಇಳಿಸುವ ಪಾತ್ರೆಯ ಫ್ರೆಂಚ್ ಹೆಸರಾದ ‘ಅಲಾಂಬಿಕ್’ನಿಂದ ಬಂತೆಂದು ಕೆಲವರು. ಪೀಟರ್ ಬ್ರೂಗೆಲ್ 1567ರ ಆಸುಪಾಸಿನಲ್ಲಿ ಬರೆದ ‘ರೈತರ ಮದುವೆ’ ಚಿತ್ರದ ಎಡಮೂಲೆಯಲ್ಲಿ ಒಬ್ಬ ದೊಡ್ಡ ಹೂಜಿಯಿಂದ ಚಿಕ್ಕ ಹೂಜಿಗಳಿಗೆ ಬಿಯರ್ ಸುರಿಯುತ್ತಿದ್ದಾನೆ. ಅದು ಲ್ಯಾಂಬಿಕ್ಕೇ ಎಂದು ಬ್ರಸೆಲ್ಸಿನಲ್ಲಿ ಅಭಿಮಾನದಿಂದ ಹೇಳುವವರಿದ್ದಾರೆ. ಬ್ರೂಗೆಲ್ ಆ ಊರಿನಲ್ಲೇ ಬಾಳಿದವನು, ಸುತ್ತಲಿನ ಹಳ್ಳಿಗಳನ್ನು ಕಂಡವನು. ಆದರೂ ಹೂಜಿಯೊಳಗಿನದು ಯಾವ ಬಿಯರ್ ಎಂದು ಚಿತ್ರ ನೋಡಿ ಹೇಳಲಾಗದು. ಸೆನ್ ನದಿಯ ಕಣಿವೆಯ ಗಾಳಿಯಲ್ಲಿ ಮಾತ್ರ ಈ ಬಿಯರ್ ಆಗುತ್ತದೆ ಎಂಬ ಮಾತನ್ನೂ ಸ್ವಲ್ಪ ತೂಗಿಯೇ ಒಪ್ಪಬೇಕು. ಅಮೆರಿಕದ ಮೇನ್ ರಾಜ್ಯದ ಅಲಗ್ಯಾಶ್ ಬ್ರೂವರಿ 2007ರಲ್ಲಿ ಇಂಥದೇ ತೊಟ್ಟಿ ಕಟ್ಟಿಸಿ ಅಲ್ಲಿನ ಗಾಳಿಯಿಂದಲೇ ಬಿಯರ್ ಹುದುಗಿಸಿತು. ಊರಿನ ಗಾಳಿಯಷ್ಟೇ, ಅದಕ್ಕಿಂತಲೂ ಹೆಚ್ಚಾಗಿ, ಮನೆಯ ಮರಮುಟ್ಟು ಇಲ್ಲಿ ಮುಖ್ಯ. ಬ್ರಸೆಲ್ಸಿನಲ್ಲಿ ಸೆನ್ ನದಿಯನ್ನು ಹುಡುಕಿಕೊಂಡು ಹೋಗುವವರಿಗೆ ಅದು ಕಾಣುವುದೂ ಕಷ್ಟ. ಕೊಳೆತು ನಾರುತ್ತಿದ್ದ ಆ ನದಿಯನ್ನು 1867ರಿಂದ 1871ರವರೆಗೆ ನಗರದ ನಡುವೆ ಕಮಾನು ಕಟ್ಟಿ ಮುಚ್ಚಲಾಯಿತು. ಮೇಲೆ ಅಗಲವಾದ ಬೀದಿಗಳು ಬಂದವು.

ಅದೇ ಕಾಲದಲ್ಲಿ ಬಿಯರ್ ಲೋಕವೇ ಬೇರೆ ದಾರಿ ಹಿಡಿಯಿತು. ಲೂಯಿ ಪಾಶ್ಚರ್ ಬಿಯರ್ ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ್ದು 1876ರಲ್ಲಿ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ 1883ರಲ್ಲಿ ಒಂದೇ ತಳಿಯ ಶುದ್ಧ ಯೀಸ್ಟ್ ಬೆಳೆಸಿ ಬಿಯರ್ ಮಾಡಿ ತೋರಿಸಿದ. ಅಲ್ಲಿಂದಾಚೆಗೆ ಊರೂರಿನ ಬ್ರೂವರಿಗಳು ಗಾಳಿಯನ್ನು ಹೊರಗಿಟ್ಟವು. ಅದೇ ಪ್ರಯೋಗಾಲಯದ ಕ್ಲಾಸನ್ 1904ರಲ್ಲಿ ಇಂಗ್ಲಿಷ್ ಬಿಯರುಗಳಲ್ಲಿ ಒಂದು ಕಾಡು ಯೀಸ್ಟನ್ನು ಗುರುತಿಸಿ ಬ್ರೆಟನೊಮೈಸೀಸ್ ಎಂದು ಹೆಸರಿಟ್ಟ. 1921ರಲ್ಲಿ ಕುಫೆರಾತ್ ಮತ್ತು ವಾನ್ ಲೇರ್ ಲ್ಯಾಂಬಿಕ್ಕಿನಲ್ಲಿ ಅದರದೇ ಒಂದು ಬಗೆಯನ್ನು ಕಂಡು ಬ್ರಸೆಲ್ಸಿನ ಹೆಸರನ್ನೇ ಅದಕ್ಕೆ ಜೋಡಿಸಿದರು. ವೈನ್ ತಯಾರಿಸುವವರಿಗೆ ಇದು ಹಗೆ. ಒಂದು ಪೀಪಾಯಿಗೆ ಹೊಕ್ಕರೆ ಸರಕೆಲ್ಲ ಕೆಟ್ಟಂತೆ. ಲ್ಯಾಂಬಿಕ್ಕಿಗೆ ಇದೇ ಜೀವಾಳ. ಲೋಟದಿಂದ ಏಳುವ ದನದ ಕೊಟ್ಟಿಗೆಯ, ಕುದುರೆಗೆ ಹೊದಿಸಿದ ಕಂಬಳಿಯ ವಾಸನೆ ಇದರದೇ ಕೊಡುಗೆ. ಹೇಳಿದರೆ ಮುಖ ಕಿವುಚಿಕೊಳ್ಳುವವರೂ ಎರಡನೇ ಲೋಟದ ಹೊತ್ತಿಗೆ ಅದನ್ನೇ ಹುಡುಕತೊಡಗುತ್ತಾರೆ.

ಪಾಲ್ ಕಾಂತಿಯೋನ್ ಮತ್ತು ಹೆಂಡತಿ ಮರೀ ಟ್ರೋಶ್ 1900ರಲ್ಲಿ ಅಂಗಡಿ ತೆರೆದಾಗ ಅವರು ಬಿಯರ್ ಕುದಿಸುತ್ತಿರಲಿಲ್ಲ. ಬೇರೆ ಬ್ರೂವರಿಗಳಿಂದ ಲ್ಯಾಂಬಿಕ್ ಕೊಂಡು, ಪೀಪಾಯಿಯಲ್ಲಿ ಮಾಗಿಸಿ, ಬೆರೆಸಿ ಮಾರುತ್ತಿದ್ದರು. ಬೆರೆಸುವುದೇ ಅಲ್ಲಿ ಒಂದು ಸ್ವತಂತ್ರ ಕಸುಬು. ಒಂದು ವರ್ಷದ ಲ್ಯಾಂಬಿಕ್ಕಿನಲ್ಲಿ ಇನ್ನೂ ಸಕ್ಕರೆ ಉಳಿದಿರುತ್ತದೆ, ಮೂರು ವರ್ಷದ್ದರಲ್ಲಿ ರುಚಿ ಪಕ್ವವಾಗಿರುತ್ತದೆ, ಎರಡು ವರ್ಷದ್ದು ಇವೆರಡರ ನಡುವೆ. ಮೂರನ್ನೂ ಹದವರಿತು ಬೆರೆಸಿ ದಪ್ಪ ಗಾಜಿನ ಸೀಸೆಗೆ ತುಂಬಿ ಬಿರಡೆ ಜಡಿದರೆ, ಎಳೆಯದರ ಸಕ್ಕರೆ ಸೀಸೆಯೊಳಗೆ ಮತ್ತೆ ಹುದುಗಿ ಷಾಂಪೇನಿನಂತೆ ನೊರೆ ಕಟ್ಟುತ್ತದೆ. ಇದಕ್ಕೆ ಗ್ಯೂಜ್ ಎನ್ನುತ್ತಾರೆ. ಯಾವ ಪೀಪಾಯಿಗೆ ಯಾವುದು ಹೊಂದುತ್ತದೆ ಎಂದು ಹೇಳುವ ಯಂತ್ರವಿಲ್ಲ, ಒಂದೊಂದನ್ನೂ ಬಾಯಿಗೆ ಹಾಕಿ ನೋಡಬೇಕು. ಹೀಗಾಗಿ ಪ್ರವಾಸಿಗಳ ‘ಟೇಸ್ಟಿಂಗ್’ ಶುರುವಾಗುವುದಕ್ಕೆ ಬಹಳ ಮೊದಲೇ ಇಲ್ಲಿ ರುಚಿ ನೋಡುವುದು ದಿನದ ದುಡಿಮೆಯಾಗಿತ್ತು.

ಹುಳಿಚೆರ್ರಿ ಹಾಕಿ ನೆನೆಸಿದರೆ ಅದು ಕ್ರೀಕ್, ಸಕ್ಕರೆ ಬೆರೆಸಿದರೆ ಫಾರೋ. ಹಳೇ ಕಾಫಿಕಟ್ಟೆಗಳಲ್ಲಿ ಹುಳಿ ತಾಳದವರ ಮೇಜಿಗೆ ಸಕ್ಕರೆ ಅಚ್ಚಿನ ಜೊತೆ ‘ಸ್ಟೂಂಪರ್’ ಎಂಬ ಕಡ್ಡಿಯೊಂದನ್ನೂ ಇಡುತ್ತಿದ್ದರು. ಲೋಟದ ತಳದಲ್ಲಿ ಸಕ್ಕರೆಯನ್ನು ಅದರಿಂದ ಕುಟ್ಟಿ ಕರಗಿಸಿಕೊಂಡು ಕುಡಿಯುವುದು ರೂಢಿ.

ಇಪ್ಪತ್ತನೇ ಶತಮಾನ ಈ ಕಸುಬನ್ನು ಬಹಳ ನೋಯಿಸಿತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಬೆಲ್ಜಿಯಂನ ಬ್ರೂವರಿಗಳ ತಾಮ್ರದ ಪಾತ್ರೆಗಳನ್ನು ಯುದ್ಧಸಾಮಗ್ರಿಗೆಂದು ಕಿತ್ತೊಯ್ದಿತು. ಕಾಂತಿಯೋನ್ ಮನೆತನ ನೊಸೆಗೆಮ್ ಎಂಬಲ್ಲಿನ ಬ್ರೂವರಿಯೊಂದರ ಸಲಕರಣೆ ಕೊಂಡು ತಾನೇ ಕುದಿಸಲು ತೊಡಗಿದ್ದು 1930ರ ದಶಕದ ಕೊನೆಯಲ್ಲಿ. ಅಷ್ಟರಲ್ಲೇ ಎರಡನೇ ಯುದ್ಧ ಬಂತು. ಯುದ್ಧ ಮುಗಿದ ಮೇಲೆ ಜನರ ನಾಲಿಗೆ ಬದಲಾಯಿತು. ತಂಪು ಪಾನೀಯಗಳ ಸಿಹಿಗೆ ಒಗ್ಗಿದ ಹೊಸ ತಲೆಮಾರಿಗೆ ಅಜ್ಜನ ಬಿಯರ್ ಹುಳಿ ಎನಿಸಿತು. ದೊಡ್ಡ ಕಂಪನಿಗಳು ಗ್ಯೂಜಿಗೂ ಕ್ರೀಕಿಗೂ ಸಕ್ಕರೆ ಸೇರಿಸಿ ಮಾರಿದವು. ಒಂದೊಂದಾಗಿ ಬ್ರೂವರಿಗಳು ಬಾಗಿಲು ಹಾಕಿದವು. ಕಾಂತಿಯೋನ್ ಅಂಗಡಿ ತೆರೆದಾಗ ಬ್ರಸೆಲ್ಸಿನಲ್ಲಿ ನೂರಕ್ಕೆ ಕಡಿಮೆಯಿಲ್ಲದಷ್ಟು ಬ್ರೂವರಿಗಳಿದ್ದವು. ಶತಮಾನ ಮುಗಿಯುವ ಹೊತ್ತಿಗೆ ನಗರದೊಳಗೆ ಹಳೇ ಪದ್ಧತಿಯ ಲ್ಯಾಂಬಿಕ್ ಮಾಡುವ ಮನೆ ಇದೊಂದೇ ಉಳಿದಿತ್ತು.

ಉಳಿಸಿದ್ದು ಮನೆಯ ಅಳಿಯ. ಪಾಲ್ ಮಗ ಮಾರ್ಸೆಲ್. ಮಾರ್ಸೆಲ್ ಮಗಳು ಕ್ಲೋದ್. ಆಕೆಯ ಗಂಡ ಜಾನ್ ಪಿಯರ್ ವಾನ್ ರಾಯ್. ಮಾರಾಟ ಕುಸಿಯುತ್ತಿದ್ದ ದಿನಗಳಲ್ಲಿ ಈತ 1978ರಲ್ಲಿ ಬ್ರೂವರಿಯ ಬಾಗಿಲನ್ನು ಜನರಿಗೆ ತೆರೆದು, ಕೆಲಸ ನಡೆಯುತ್ತಿರುವ ಕಟ್ಟಡವನ್ನೇ ಗ್ಯೂಜ್ ಮ್ಯೂಸಿಯಂ ಎಂದು ಕರೆದ. ಗಾಜಿನ ಕಪಾಟಿನಲ್ಲಿ ಸತ್ತ ವಸ್ತುಗಳನ್ನು ಜೋಡಿಸಿಟ್ಟ ಮ್ಯೂಸಿಯಂ ಅಲ್ಲ ಅದು. ತೊಟ್ಟಿ, ಪೀಪಾಯಿ, ಜೇಡ ಎಲ್ಲವೂ ಇದ್ದಂತೆಯೇ ಇದ್ದವು; ನೋಡಲು ಬಂದವರು ಟಿಕೆಟ್ ಕೊಂಡರು, ಕೊನೆಯಲ್ಲಿ ಕುಡಿದರು, ಕೆಲವರು ಸೀಸೆ ಹೊತ್ತುಕೊಂಡು ಹೋದರು. ಆಮೇಲೆ ಬ್ರೂವರಿಯನ್ನು ಹೊತ್ತ ಮಗ ಜಾನ್ ವಾನ್ ರಾಯ್ ಕಾಲಕ್ಕೆ ಈ ಸೀಸೆಗಳಿಗಾಗಿ ಜಪಾನು ಅಮೆರಿಕಗಳಿಂದ ಜನ ಬರತೊಡಗಿದರು. ಇಂದು ಊರೂರಿನ ಬ್ರೂವರಿಗಳಲ್ಲಿ ಪ್ರವಾಸಿಗಳಿಗೆ ಬಿಯರ್ ರುಚಿ ತೋರಿಸುವುದು ದೊಡ್ಡ ವ್ಯವಹಾರವಾಗಿದೆ. ಬಹುಪಾಲು ಕಡೆ ಅದು ಮಾರಾಟದ ಬಾಲಂಗೋಚಿ. ಕಾಂತಿಯೋನಿನಲ್ಲಿ ಆ ಒಂದು ಲೋಟವೇ ಕಸುಬಿನ ಪ್ರಾಣ ಹಿಡಿದು ನಿಲ್ಲಿಸಿತು.

ಹೊರಗಿನವರ ನೆರವೂ ಇತ್ತು. ಹಾಡುಗಾರನದೇ ಹೆಸರಿನ ಇಂಗ್ಲಿಷ್ ಬರಹಗಾರ ಮೈಕೆಲ್ ಜ್ಯಾಕ್ಸನ್ 1977ರಲ್ಲಿ ಪ್ರಕಟಿಸಿದ ‘ದ ವರ್ಲ್ಡ್ ಗೈಡ್ ಟು ಬಿಯರ್’ ಪುಸ್ತಕ ಬೆಲ್ಜಿಯಂನ ಬಿಯರುಗಳನ್ನು ಲೋಕಕ್ಕೆ ಪರಿಚಯಿಸಿತು. ಸುತ್ತಲ ಹಳ್ಳಿಗಾಡಿನಲ್ಲೂ ಹಟ ಬಿಡದವರಿದ್ದರು. ಲೆಂಬೇಕಿನಲ್ಲಿ ಫ್ರಾಂಕ್ ಬೂನ್ 1970ರ ದಶಕದಲ್ಲಿ ಮುಚ್ಚುವ ಹಂತದ ಬೆರಕೆಮನೆಯನ್ನು ಕೊಂಡು ಮತ್ತೆ ನಡೆಸಿದ. ಬೀರ್ಸೆಲ್‌ನ ‘ದ್ರೀ ಫಾಂಟೈನನ್’ ಒಡೆಯ ಆರ್ಮಾಂಡ್ ದೆಬೆಲ್ಡರ್ ಗೋದಾಮಿನಲ್ಲಿ 2009ರ ಮೇ ತಿಂಗಳಲ್ಲಿ ಶಾಖ ನಿಯಂತ್ರಕ ಕೆಟ್ಟು, ಬಿಸಿಗಾಳಿ ನಿಲ್ಲದೆ ಬೀಸಿ, ಹತ್ತಾರು ಸಾವಿರ ಸೀಸೆಗಳು ಹಾಳಾದವು. ಎಷ್ಟೋ ಸೀಸೆಗಳು ಸಿಡಿದವು. ಆತ ಉಳಿದ ಬಿಯರನ್ನು ಚರಂಡಿಗೆ ಸುರಿಯಲಿಲ್ಲ, ಭಟ್ಟಿ ಇಳಿಸಿ ಮದ್ಯ ಮಾಡಿ ಮಾರಿ ಸಾಲ ತೀರಿಸಲು ನೋಡಿದ. ಆ ಪ್ರದೇಶದ ಲ್ಯಾಂಬಿಕ್ ತಯಾರಕರು 1997ರಲ್ಲಿ ‘ಹೋರಾಲ್’ ಎಂಬ ಸಂಘ ಕಟ್ಟಿಕೊಂಡು, ಎರಡು ವರ್ಷಕ್ಕೊಮ್ಮೆ ಜನರನ್ನು ಬಸ್ಸಿನಲ್ಲಿ ಬ್ರೂವರಿಯಿಂದ ಬ್ರೂವರಿಗೆ ಕರೆದೊಯ್ಯುವ ‘ಟೂರ್ ದ ಗ್ಯೂಜ್’ ಶುರುಮಾಡಿದರು. 2016ರಲ್ಲಿ ಯುನೆಸ್ಕೊ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನು ಲೋಟದ ಮಾತು. ಮೊದಲು ಬರುವುದು ಬೆರೆಸದ ಲ್ಯಾಂಬಿಕ್. ಅದರಲ್ಲಿ ನೊರೆಯಿಲ್ಲ, ಗುಳ್ಳೆಯಿಲ್ಲ, ತಿಳಿ ಜೇನಿನ ಬಣ್ಣ. ಬಿಯರ್ ಇದೇನಾ ಎನ್ನುವಷ್ಟು ಸುಮ್ಮನಿರುತ್ತದೆ. ಆಮೇಲೆ ಗ್ಯೂಜ್. ಸೀಸೆಯನ್ನು ನೆಟ್ಟಗೆ ನಿಲ್ಲಿಸದೆ, ನೆಲಮಾಳಿಗೆಯಲ್ಲಿ ಮಲಗಿದ್ದ ಹಾಗೆಯೇ ಹೆಣೆದ ಬುಟ್ಟಿಯಲ್ಲಿ ಮಲಗಿಸಿ ತರುತ್ತಾರೆ. ತಳದ ಗಸಿ ಕದಡಬಾರದು. ಬಿರಡೆ ಪಟ್ಟೆಂದು ಹಾರುತ್ತದೆ, ಬುಟ್ಟಿಯನ್ನೇ ಬಾಗಿಸಿ ಮೆಲ್ಲಗೆ ಸುರಿಯುತ್ತಾರೆ. ಮೊದಲ ಗುಟುಕಿಗೆ ಹುಳಿ, ಎರಡನೆಯದಕ್ಕೆ ಮರದ ಒಗರು, ಮೂರನೆಯದಕ್ಕೆ ಗೋಧಿಯ ನೆನಪು. ಮದ್ಯದ ಪ್ರಮಾಣ ಶೇ. 5ರಷ್ಟು ಮಾತ್ರ. ಗಡಿಬಿಡಿಯಲ್ಲಿ ಕುಡಿಯುವ ಪಾನೀಯವಲ್ಲ. ಮೂರು ವರ್ಷ ಪೀಪಾಯಿಯಲ್ಲಿ ಇರುವಷ್ಟರಲ್ಲಿ ಐದರಲ್ಲಿ ಒಂದು ಪಾಲು ಆವಿಯಾಗಿ ಹೋಗಿ ಉಳಿದದ್ದು ಇದು.

ಬೇಸಿಗೆಯಲ್ಲಿ ದೋಸೆ ಹಿಟ್ಟು ಮಧ್ಯಾಹ್ನಕ್ಕೇ ಹುಳಿಯಾಗಿ ಕೈಕೊಡುವುದನ್ನು ಕಂಡವರಿಗೆ ಲ್ಯಾಂಬಿಕ್ಕಿನ ಈಗಿನ ಸಂಕಟ ಬೇಗ ತಿಳಿಯುತ್ತದೆ. ಬೆಚ್ಚನೆಯ ರಾತ್ರಿಯಲ್ಲಿ ರಸ ಬೇಗ ತಣಿಯುವುದಿಲ್ಲ, ಬೇಡದ ಜೀವಗಳು ಮೊದಲು ಬಂದು ಕೂರುತ್ತವೆ. ರಾತ್ರಿಯ ಚಳಿ ಸೊನ್ನೆಗಿಂತ ಸ್ವಲ್ಪ ಕೆಳಗಿನಿಂದ 8 ಡಿಗ್ರಿಯವರೆಗೆ ಇದ್ದರೆ ಮಾತ್ರ ಕೆಲಸ ಹದವಾಗುತ್ತದೆ. ತನ್ನ ಅಜ್ಜನ ಕಾಲದಲ್ಲಿ ಅಕ್ಟೋಬರ್ ಮಧ್ಯದಿಂದ ಮೇವರೆಗೂ ಬಿಯರ್ ಕುದಿಸುತ್ತಿದ್ದರೆಂದು ಜಾನ್ ವಾನ್ ರಾಯ್ ಹೇಳಿದ್ದಾನೆ. ಈಗ ಶುರುವಾಗುವುದು ತಡ, ಮುಗಿಯುವುದು ಬೇಗ. 2015ರ ನವೆಂಬರಿನಲ್ಲಿ ರಾತ್ರಿಗಳು ಎಷ್ಟು ಬೆಚ್ಚಗಿದ್ದವೆಂದರೆ ನಡುವೆಯೇ ಕೆಲಸ ನಿಲ್ಲಿಸಬೇಕಾಯಿತು. ಆ ಕಡೆ ಹೋಗುವ ಕನ್ನಡಿಗರು ಸಾಧ್ಯವಾದರೆ ಡಿಸೆಂಬರಿನಲ್ಲೋ ಜನವರಿಯಲ್ಲೋ ಹೋಗಬೇಕು. ಬೇಸಿಗೆಯಲ್ಲೂ ಲೋಟ ಸಿಗುತ್ತದೆ, ಅಟ್ಟದ ತಾಮ್ರದ ತೊಟ್ಟಿ ಮಾತ್ರ ಬರಿದಾಗಿರುತ್ತದೆ.