ಸೂತ್ರ ಹರಿದ ವಿಮಾನಗಳು

ದೊಡ್ಡ ವಿಮಾನ ಮೊದಲು ಹುಟ್ಟಿತು, ಅದನ್ನು ಕಂಡು ಮಕ್ಕಳಿಗಾಗಿ ಆಟದ ವಿಮಾನ ಮಾಡಿದರು ಎಂದೇ ನಮ್ಮಲ್ಲಿ ಬಹುಮಂದಿ ತಿಳಿದಿರುತ್ತಾರೆ. ರೈಲು, ಮೋಟಾರುಗಳ ವಿಷಯದಲ್ಲಿ ಈ ಮಾತು ಸರಿಯಿರಬಹುದು. ವಿಮಾನದ ಚರಿತ್ರೆ ಮಾತ್ರ ತಲೆಕೆಳಗು. ಇಲ್ಲಿ ಮರಿಯೇ ಮೊದಲು ಹಾರಿತು. ತಾಯಿ ಹಾರಿದ್ದು ಆಮೇಲೆ.

1871ರ ಆಗಸ್ಟ್ ತಿಂಗಳಲ್ಲಿ, ಪ್ಯಾರಿಸ್ ನಗರದ ಟ್ವಿಲರಿ ಉದ್ಯಾನದಲ್ಲಿ ಆಲ್ಫೋನ್ಸ್ ಪೆನೊ ಎಂಬ 21 ವರ್ಷದ ಯುವಕ, ತಿರುಚಿದ ರಬ್ಬರಿನ ಬಲದಿಂದ ನಡೆಯುವ ಪುಟ್ಟ ವಿಮಾನವೊಂದನ್ನು ಹಾರಿಸಿ ತೋರಿಸಿದ. ಅದು 11 ಸೆಕೆಂಡು ಗಾಳಿಯಲ್ಲಿದ್ದು ಸುಮಾರು 60 ಮೀಟರು ದೂರ ಹೋಯಿತು. ಪೆನೊ ಬಹಳ ಕಾಲ ಬದುಕಲಿಲ್ಲ. 30 ವರ್ಷ ತುಂಬಿದ ಕೆಲವೇ ತಿಂಗಳಲ್ಲಿ ತನ್ನ ಕೈಯಾರೆ ಜೀವ ಕಳೆದುಕೊಂಡ. ಆದರೆ ಅವನ ರಬ್ಬರಿನ ಆಟಿಕೆಗಳು ಸಮುದ್ರ ದಾಟಿದ್ದವು. 1878ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ಅಂಥದೊಂದು ಹಾರುವ ಆಟಿಕೆಯನ್ನು ತಮ್ಮ ಮಕ್ಕಳಿಗೆಂದು ಮನೆಗೆ ತಂದರು. ಆ ಮಕ್ಕಳ ಹೆಸರು ವಿಲ್ಬರ್ ಮತ್ತು ಆರ್ವಿಲ್ ರೈಟ್.

ಅದೇ ದೇಶದಲ್ಲಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಎಂಬ ಖಗೋಳ ಪಂಡಿತರಿದ್ದರು. ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥರು. 1896ರ ಮೇ 6ರಂದು ಪೊಟೋಮ್ಯಾಕ್ ನದಿಯಲ್ಲಿ ತೇಲುವ ದೋಣಿಮನೆಯ ಮೇಲಿಂದ ಅವರ ಉಗಿಯಂತ್ರದ ಮಾದರಿ ಹೊರಟಿತು. ಸುತ್ತು ಹಾಕುತ್ತ ಸುಮಾರು 3300 ಅಡಿ ಹಾರಿ, ಉಗಿ ತೀರಿದ ಮೇಲೆ ಮೆಲ್ಲಗೆ ನೀರಿಗಿಳಿಯಿತು. ಟೆಲಿಫೋನಿನ ಗ್ರಹಾಂ ಬೆಲ್ ಹತ್ತಿರದಲ್ಲೇ ಇದ್ದು ಅದರ ಛಾಯಾಚಿತ್ರ ತೆಗೆದರು. 1901ರಲ್ಲಿ ಲ್ಯಾಂಗ್ಲಿಯವರ ಇನ್ನೊಂದು ಮಾದರಿ ಪೆಟ್ರೋಲ್ ಎಂಜಿನ್ನಿನಿಂದ ಹಾರಿತು. ಆ ಬಳಿಕ ಅದರ ನಾಲ್ಕರಷ್ಟು ದೊಡ್ಡದನ್ನು ಕಟ್ಟಿ, ಮನುಷ್ಯನನ್ನು ಕೂರಿಸಿ ಬಿಟ್ಟರೆ, 1903ರ ಅಕ್ಟೋಬರ್ 7ರಂದು ಒಮ್ಮೆ, ಡಿಸೆಂಬರ್ 8ರಂದು ಮತ್ತೊಮ್ಮೆ ನದಿಗೆ ಬಿತ್ತು. ಒಂಬತ್ತು ದಿನ ಕಳೆಯುವಷ್ಟರಲ್ಲಿ ರೈಟ್ ಸೋದರರು ಹಾರಿದರು. ಲ್ಯಾಂಗ್ಲಿಯವರ ಪಾಲಿಗೆ ಉಳಿದದ್ದು ಪತ್ರಿಕೆಗಳ ಕುಚೋದ್ಯ. ಆದರೂ ಪೆಟ್ರೋಲಿನ ಬಲದಿಂದ ನೆಲ ಬಿಟ್ಟ ಮೊದಲ ವಿಮಾನ ಅವರ ಆ ಕಿರುವಿಮಾನವೇ ಎಂಬುದನ್ನು ಯಾರೂ ಕಸಿಯುವಂತಿಲ್ಲ.

ಲ್ಯಾಂಗ್ಲಿಯವರು ಆಡಿದ್ದು ಆಟವಲ್ಲ, ಶಾಸ್ತ್ರ. ಹಾರುವುದನ್ನು ನೋಡುವ ಸಂತೋಷಕ್ಕಾಗಿಯೇ ಎಂಜಿನ್ನಿನ ಮಾದರಿ ಕಟ್ಟುವ ಹವ್ಯಾಸಿಗಳು ಬಂದದ್ದು ಅವರ ಬಳಿಕ. ಅವರ ದಾರಿಯೂ ಸುಲಭವಾಗಿರಲಿಲ್ಲ. ಎಂಜಿನ್ನು ಪುಟ್ಟದಾದರೂ ಅದಕ್ಕೆ ಕಿಡಿ ಬೇಕು; ಕಿಡಿಗೆ ಕಾಯಿಲ್ ಬೇಕು, ಕಂಡೆನ್ಸರ್ ಬೇಕು, ಬ್ಯಾಟರಿ ಬೇಕು. ದಿಬ್ಬಣಕ್ಕಿಂತ ಗಂಟುಮೂಟೆಯೇ ಭಾರ ಎನ್ನುವ ಹಾಗೆ ಎಷ್ಟೋ ವೇಳೆ ಈ ಸಾಮಾನು ಎಂಜಿನ್ನಿಗಿಂತ ಹೆಚ್ಚು ತೂಗುತ್ತಿತ್ತು. 1914ರಲ್ಲಿ ಇಂಗ್ಲೆಂಡಿನ ಡೇವಿಡ್ ಸ್ಟ್ಯಾಂಗರ್ ಎರಡು ಸಿಲಿಂಡರಿನ ತಮ್ಮ ವಿಮಾನವನ್ನು 51 ಸೆಕೆಂಡು ಹಾರಿಸಿದರು. ಆ ದಾಖಲೆ ಮುರಿಯಲು 18 ವರ್ಷ ಬೇಕಾಯಿತು. ಅಷ್ಟರಲ್ಲಿ ಮನುಷ್ಯರು ವಿಮಾನದಲ್ಲಿ ಅಟ್ಲಾಂಟಿಕ್ ದಾಟಿ ಆಗಿತ್ತು. ಪುಟ್ಟ ವಿಮಾನ ಒಂದು ನಿಮಿಷದ ಗಡಿಯನ್ನು ದಾಟಿರಲಿಲ್ಲ!

ಆ ಗಡಿಯನ್ನು ಬಹುದೂರ ತಳ್ಳಿದವರು ಫಿಲಡೆಲ್ಫಿಯದ ಇಬ್ಬರು ಯುವಕರು. ಬಿಲ್ ಬ್ರೌನ್ ಎಂಜಿನ್ನು ಮಾಡಿದ. ಮ್ಯಾಕ್ಸ್‌ವೆಲ್ ಬ್ಯಾಸೆಟ್ ಅದನ್ನು ಹೊತ್ತು ಹಾರುವ ವಿಮಾನ ಕಟ್ಟಿದ. 'ಬ್ರೌನ್ ಜೂನಿಯರ್' ಎಂದು ಹೆಸರಾದ ಆ ಎಂಜಿನ್ನಿನ ಗಾತ್ರ 10 ಸಿ.ಸಿ., ಅಂಗೈಯಲ್ಲಿ ಹಿಡಿಸುವಷ್ಟು. 1933ರ ರಾಷ್ಟ್ರೀಯ ಪಂದ್ಯದಲ್ಲಿ ಬ್ಯಾಸೆಟ್‌ನ 'ಮಿಸ್ ಫಿಲಡೆಲ್ಫಿಯ' ರಬ್ಬರಿನ ವಿಮಾನಗಳ ನಡುವೆ ನುಗ್ಗಿ ಬಹುಮಾನಗಳನ್ನು ಬಾಚಿಕೊಂಡಿತು. ಕುಸ್ತಿಯ ಅಖಾಡಕ್ಕೆ ಆನೆ ಬಂದಂತಾಯಿತೇನೋ. ಮುಂದೆ ಎಂಜಿನ್ನಿನ ವಿಮಾನಗಳಿಗೆ ಬೇರೆಯೇ ಪಂಕ್ತಿ ಹಾಕಿದರು.

ನನಗೆ ಬಲು ಮೆಚ್ಚಿಗೆಯಾದ ಕಥೆ ಅದರ ಮರುವರ್ಷದ್ದು. 1934ರ ಮೇ 28ರಂದು ಬ್ಯಾಸೆಟ್ ನ್ಯೂಜೆರ್ಸಿಯ ಕ್ಯಾಮ್ಡೆನ್ ವಿಮಾನನಿಲ್ದಾಣದಲ್ಲಿ ತನ್ನ ವಿಮಾನವನ್ನು ಬಿಟ್ಟ. ಆ ಕಾಲದ ವಿಮಾನಕ್ಕೆ ದಾರವಿಲ್ಲ, ರೇಡಿಯೋ ಇಲ್ಲ. ರೆಕ್ಕೆಯನ್ನೂ ಬಾಲವನ್ನೂ ಸರಿಯಾಗಿ ಹೊಂದಿಸಿಟ್ಟು ಕೈಬಿಡುವುದಷ್ಟೇ ಮನುಷ್ಯನ ಕೆಲಸ. ಮಿಕ್ಕದ್ದು ಅದರ ಹಣೆಬರಹ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯ ಕಂಬಕ್ಕೆ ಅಂಥ ಹಗುರ ವಿಮಾನ ಸಿಕ್ಕಿತೆಂದರೆ, ಎಂಜಿನ್ನು ನಿಂತ ಮೇಲೂ ಹದ್ದಿನಂತೆ ಮೇಲೆ ಮೇಲೆ ಹೋಗುತ್ತದೆ. ಬ್ಯಾಸೆಟ್‌ನ ವಿಮಾನ ಎರಡೂವರೆ ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲಿದ್ದು, ಸುಮಾರು 54 ಮೈಲಿ ದೂರದ ಡೆಲವೇರ್ ಸಂಸ್ಥಾನದಲ್ಲಿ ಇಳಿಯಿತು. 51 ಸೆಕೆಂಡೆಲ್ಲಿ, ಎರಡೂವರೆ ಗಂಟೆಯೆಲ್ಲಿ!

ನಮ್ಮಲ್ಲಿ ಆಷಾಢದ ಗಾಳಿಗೆ ಗಾಳಿಪಟ ಬಿಟ್ಟವರಿಗೆ ಈ ಸುಖವೂ ಈ ಸಂಕಟವೂ ಗೊತ್ತು. ಸೂತ್ರ ಹರಿದ ಪಟದ ಹಿಂದೆ ಓಡುವ ಹುಡುಗ ಅಳುತ್ತಲೂ ಇರುತ್ತಾನೆ, 'ನೋಡು, ಎಷ್ಟು ದೂರ ಹೋಯಿತು' ಎಂದು ಹೆಮ್ಮೆಯನ್ನೂ ಪಡುತ್ತಾನೆ. ಪುಟ್ಟ ವಿಮಾನಗಳ ಆಮೇಲಿನ ಚರಿತ್ರೆಯೆಲ್ಲ ಆ ಹರಿದ ಸೂತ್ರವನ್ನು ಮತ್ತೆ ಕಟ್ಟುವ ಪ್ರಯತ್ನವೆಂದೇ ನನ್ನ ಎಣಿಕೆ.

ಮೊದಲು ಕಟ್ಟಿದ್ದು ನಿಜವಾದ ತಂತಿಯನ್ನೇ. ಆರೆಗಾನಿನ ಜಿಮ್ ವಾಕರ್ ವಿಮಾನದ ರೆಕ್ಕೆಯಿಂದ ಎರಡು ಸಣ್ಣ ತಂತಿಗಳನ್ನು ತನ್ನ ಕೈಯ ಹಿಡಿಕೆಗೆ ತಂದ. ಹಿಡಿಕೆಯನ್ನು ಬಾಗಿಸಿದರೆ ಬಾಲದ ಪಟ್ಟಿ ಬಾಗುತ್ತದೆ, ವಿಮಾನ ಏರುತ್ತದೆ, ಇಳಿಯುತ್ತದೆ, ಲಾಗ ಹಾಕುತ್ತದೆ. 1940ರ ಹೊತ್ತಿಗೆ ಅವನ 'ಫೈರ್‌ಬಾಲ್' ಮಾರುಕಟ್ಟೆಯಲ್ಲಿತ್ತು. ಅದೇ ಸಂಸ್ಥಾನದ ಒಬಾ ಸೇಂಟ್ ಕ್ಲೇರ್ ಎಂಬಾತ ಅದಕ್ಕೂ ಮೊದಲೇ ಅಂಥದನ್ನು ಹಾರಿಸಿದ್ದನೆಂದು 1955ರ ಮೊಕದ್ದಮೆಯಲ್ಲಿ ಸಾಬೀತಾಗಿ, ವಾಕರನ ಪೇಟೆಂಟು ಬಿದ್ದುಹೋಯಿತು. ಆದರೆ ಅಷ್ಟರೊಳಗೆ ತಂತಿಯ ವಿಮಾನ ಲೋಕವನ್ನೆಲ್ಲ ಸುತ್ತಿತ್ತು.

ನಮ್ಮ ದೇಶಕ್ಕೂ ಬಂತು. ಎನ್.ಸಿ.ಸಿ.ಯ ವಾಯು ವಿಭಾಗ 1950ರಲ್ಲಿ ಆರಂಭವಾಗಿ, ವಿಮಾನ ಕಟ್ಟುವ ವಿದ್ಯೆ ಕೆಡೆಟ್ಟುಗಳ ಪಾಠಗಳಲ್ಲಿ ಸೇರಿತು. ನಾನು ಇಂಥ ವಿಮಾನವನ್ನು ಮೊದಲು ಕಂಡದ್ದು ಮೈಸೂರಿನ ಒಂದು ಕಾಲೇಜು ಮೈದಾನದಲ್ಲಿ, ಕೆಡೆಟ್ಟುಗಳ ಪ್ರದರ್ಶನದಂದು. ಮೊದಲು ಬಂದದ್ದು ಆಸ್ಪತ್ರೆಯ ವಾಸನೆ, ಈಥರ್. ಆಮೇಲೆ ಕಿವಿ ಸೀಳುವ ಸದ್ದು. ನಡುವೆ ನಿಂತ ಹುಡುಗ ಬುಗುರಿಯಂತೆ ತಿರುಗುತ್ತಿದ್ದ, ವಿಮಾನ ಅವನ ಸುತ್ತ ಹುಚ್ಚು ಹಿಡಿದ ಗಾಣದ ಎತ್ತಿನಂತೆ ಓಡುತ್ತಿತ್ತು. ಎಂಜಿನ್ನು ನಿಂತಾಗ ವಿಮಾನ ನೆಟ್ಟಗೆ ನೆಲಕ್ಕಿಳಿಯಿತು. ತಲೆಸುತ್ತಿ ಕುಳಿತವನು ಹುಡುಗ. ಇಬ್ಬರು ಒಂದೇ ವೃತ್ತದಲ್ಲಿ ನಿಂತು, ಒಬ್ಬರ ವಿಮಾನದ ಬಾಲಕ್ಕೆ ಕಟ್ಟಿದ ಕಾಗದದ ಪಟ್ಟಿಯನ್ನು ಇನ್ನೊಬ್ಬರು ಪ್ರೊಪೆಲರಿನಿಂದ ಕತ್ತರಿಸುವ ಕಾಳಗವೂ ಉಂಟು. ಮಾಂಜಾ ಹಾಕಿ ಪಟ ಕತ್ತರಿಸಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಗಾಣದ ಮಾತು ಬಂದದ್ದು ಒಳ್ಳೆಯದೇ ಆಯಿತು, ಏಕೆಂದರೆ ಈ ಎಂಜಿನ್ನುಗಳು ಕುಡಿಯುವುದು ಹರಳೆಣ್ಣೆಯನ್ನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಪುಟ್ಟ 'ಡೀಸೆಲ್' ಎಂಜಿನ್ನಿಗೆ ಕಿಡಿಯೇ ಬೇಡ. ಗಾಳಿಯನ್ನು ಗಟ್ಟಿಯಾಗಿ ಅದುಮಿದರೆ ಆ ಬಿಸಿಗೇ ಈಥರ್ ಹೊತ್ತಿಕೊಳ್ಳುತ್ತದೆ. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಮೂರನ್ನೂ ಹೆಚ್ಚು ಕಡಿಮೆ ಸಮಪಾಲು ಬೆರೆಸಿದರೆ ಅದರ ಊಟ ಸಿದ್ಧ. ಕಾಯಿಲ್ಲು, ಬ್ಯಾಟರಿಗಳ ಗಂಟುಮೂಟೆ ಅಲ್ಲಿಗೆ ತೀರಿತು. ಇಂಗ್ಲೆಂಡಿನ 'ಮಿಲ್ಸ್' ಎಂಬ ಡೀಸೆಲ್ ಎಂಜಿನ್ನನ್ನು ಮುಂದೆ ಕಲ್ಕತ್ತದಲ್ಲೂ ತಯಾರಿಸಿದರು. ಅಮೆರಿಕದಲ್ಲಿ ರೇ ಆರ್ಡೆನ್ 1947ರಲ್ಲಿ ಇನ್ನೊಂದು ಉಪಾಯ ಹೂಡಿದ. ಪ್ಲಾಟಿನಂ ತಂತಿಯ ಸಣ್ಣ ಸುರುಳಿಯನ್ನು ಒಮ್ಮೆ ಬ್ಯಾಟರಿಯಿಂದ ಕೆಂಪಗೆ ಮಾಡಿ ಎಂಜಿನ್ನು ಹೊರಡಿಸಿದರೆ, ಆಮೇಲೆ ಮೀಥೈಲ್ ಆಲ್ಕೊಹಾಲಿನ ಆವಿ ತಾಗುತ್ತಲೇ ಸುರುಳಿ ತಾನಾಗಿ ಕೆಂಡದಂತಿರುತ್ತದೆ. ಬ್ಯಾಟರಿ ನೆಲದ ಮೇಲೇ ಉಳಿಯುತ್ತದೆ. ಇದೇ ಗ್ಲೋ ಪ್ಲಗ್ಗು. ಇಲ್ಲಿಯೂ ಜಾರುಗುಣಕ್ಕೆ ಹರಳೆಣ್ಣೆಯೇ, ಆಲ್ಕೊಹಾಲಿನಲ್ಲಿ ಅದು ಚೆನ್ನಾಗಿ ಬೆರೆಯುತ್ತದೆ, ಎಂಜಿನ್ನಿನ ಬಿಸಿಯನ್ನೂ ತಡೆಯುತ್ತದೆ. ಅಜ್ಜಿ ಮೂಗು ಹಿಡಿದು ಕುಡಿಸಿದ ಹರಳೆಣ್ಣೆಗೆ ಇಂಥ ಭಾಗ್ಯವಿದೆಯೆಂದು ನಮಗೆ ಆಗ ತಿಳಿದಿರಲಿಲ್ಲ.

ಎರಡನೆಯ ಸೂತ್ರ ಕಣ್ಣಿಗೆ ಕಾಣದ್ದು. ಮಿಷಿಗನ್ ಸಂಸ್ಥಾನದ ಕಲಮಝೂ ಊರಿನ ಅವಳಿಗಳಾದ ವಾಲ್ಟರ್ ಮತ್ತು ವಿಲಿಯಂ ಗುಡ್ 1937ರಲ್ಲಿ ರೇಡಿಯೋ ಅಲೆಗಳಿಂದ ತಮ್ಮ 'ಗಫ್' ಎಂಬ ಎಂಟಡಿ ರೆಕ್ಕೆಯ ವಿಮಾನವನ್ನು ನಡೆಸಿದರು. ರೇಡಿಯೋ ಕವಾಟಗಳು ಗಾಜಿನ ಬುರುಡೆಗಳಾಗಿದ್ದ ಕಾಲ. ಒಂದು ಒರಟು ಇಳಿತಕ್ಕೆ ತಿಂಗಳುಗಳ ಕೆಲಸ ಚೂರಾಗುವ ಭಯವಿತ್ತು. ಆದರೂ 1938ರ ರಾಷ್ಟ್ರೀಯ ಪಂದ್ಯವನ್ನು ಅವರು ಗೆದ್ದರು. ಹಾರಿಹೋದದ್ದನ್ನು ಕರೆದರೆ ತಿರುಗಿ ಬರುವಂತೆ ಮಾಡಿದ್ದರು.

ಮಕ್ಕಳ ಮಾತು ಕೇಳುವ ವಿಮಾನ ದಂಡಿನವರ ಮಾತನ್ನೂ ಕೇಳುತ್ತದೆ. ರೆಜಿನಾಲ್ಡ್ ಡೆನಿ ಎಂಬ ಹಾಲಿವುಡ್ ನಟರು ಮೊದಲನೆಯ ಯುದ್ಧದಲ್ಲಿ ಬ್ರಿಟಿಷ್ ವಾಯುದಳದಲ್ಲಿದ್ದವರು. 1934ರಲ್ಲಿ ಹಾಲಿವುಡ್ಡಿನಲ್ಲಿ ಮಾದರಿ ವಿಮಾನಗಳ ಅಂಗಡಿ ತೆರೆದರು. ಫಿರಂಗಿಯ ಜನಕ್ಕೆ ಗುರಿ ಕಲಿಸಲು ರೇಡಿಯೋ ವಿಮಾನವೊಂದು ಸಿಕ್ಕರೆ ಹೇಗೆ ಎಂಬ ಯೋಚನೆಯನ್ನು ಅವರು ಸೇನೆಯ ಮುಂದಿಟ್ಟರು. 1940ರಲ್ಲಿ ಗುತ್ತಿಗೆ ಬಂತು. ಯುದ್ಧ ಮುಗಿಯುವುದರೊಳಗೆ ಅವರ ರೇಡಿಯೋಪ್ಲೇನ್ ಕಾರ್ಖಾನೆಯಿಂದ ಸುಮಾರು 15,000 ವಿಮಾನಗಳು ಹೊರಟಿದ್ದವು. ಹೊಡೆಸಿಕೊಳ್ಳುವುದಕ್ಕೆಂದೇ ಹುಟ್ಟಿದವು. ಗುಂಡು ತಪ್ಪಿಸಿಕೊಂಡದ್ದನ್ನು ಪ್ಯಾರಾಚೂಟಿನಲ್ಲಿ ಇಳಿಸಿ ಮತ್ತೆ ಹಾರಿಸುತ್ತಿದ್ದರು. ಅಲ್ಲಿ ಕೆಲಸಕ್ಕಿದ್ದ ಹುಡುಗಿಯೊಬ್ಬಳ ಚಿತ್ರವನ್ನು 1945ರಲ್ಲಿ ಸೇನೆಯ ಛಾಯಾಗ್ರಾಹಕನೊಬ್ಬ ತೆಗೆದ. ಅವಳೇ ಮುಂದೆ ಮರ್ಲಿನ್ ಮನ್ರೋ ಆದಳು. ಈ ಕಥೆ ಹೇಳುವವರೆಲ್ಲ ಮನ್ರೋ ಬಂದ ಕೂಡಲೇ ವಿಮಾನವನ್ನು ಮರೆಯುತ್ತಾರೆ. ನನಗೆ ನೆನಪಾಗುವುದು ಆ ಹದಿನೈದು ಸಾವಿರ. ಇಂದು ಯುದ್ಧದ ಸುದ್ದಿಯಲ್ಲಿ ದಿನವೂ ಓದುವ ಡ್ರೋನುಗಳ ವಂಶವೃಕ್ಷದಲ್ಲಿ ಡೆನಿಯವರ ಆಟಿಕೆ ಅಂಗಡಿಯೂ ಒಂದು ಕೊಂಬೆ.

ಗುಡ್ ಸೋದರರ 'ಗಫ್' ಮಾತ್ರ ಯಾವ ಗುಂಡಿಗೂ ಎದೆಗೊಡದೆ 1960ರಲ್ಲಿ ಸ್ಮಿತ್ಸೋನಿಯನ್ ಸಂಗ್ರಹಾಲಯವನ್ನು ಸೇರಿತು, ಲ್ಯಾಂಗ್ಲಿಯವರು ಆಳಿದ ಮನೆಯನ್ನೇ. ಈಗ ವಿದ್ಯುತ್ ಮೋಟಾರುಗಳು ಬಂದು ಈಥರಿನ ವಾಸನೆ ವಿರಳವಾಗಿದೆ.

ಆದರೂ ಯಾವ ಸೂತ್ರವನ್ನೂ ಕಟ್ಟದೆ ವಿಮಾನವನ್ನು ಗಾಳಿಗೆ ಬಿಡುವ ಹಳೆಯ ಪಂಥದವರು ಹಲವು ದೇಶಗಳಲ್ಲಿ ಇನ್ನೂ ಇದ್ದಾರೆ. ಅವರದು ಒಂದು ಸಣ್ಣ ಯುಕ್ತಿ ಉಂಟು. ಬಾಲಕ್ಕೆ ಬಿಗಿದ ರಬ್ಬರಿನ ಪಕ್ಕದಲ್ಲಿ ನಿಧಾನವಾಗಿ ಉರಿಯುವ ಬತ್ತಿಯನ್ನು ಇಡುತ್ತಾರೆ. ಗೊತ್ತಾದ ಹೊತ್ತಿಗೆ ಬತ್ತಿ ರಬ್ಬರನ್ನು ಸುಡುತ್ತದೆ, ಬಾಲ ಮೇಲಕ್ಕೆ ನೆಗೆಯುತ್ತದೆ, ಬಿಸಿಗಾಳಿಯಲ್ಲಿ ತೇಲುತ್ತಿದ್ದ ವಿಮಾನ ಒಣಗಿದ ಎಲೆಯ ಹಾಗೆ ಇಳಿಯುತ್ತದೆ. ಈಚೆಗೆ ಬತ್ತಿಯ ಜಾಗಕ್ಕೆ ಗಡಿಯಾರದ ಯಂತ್ರವೂ ಬಂದಿದೆ. ಒಮ್ಮೊಮ್ಮೆ ಬತ್ತಿ ನಡುವೆಯೇ ಆರಿಹೋಗುವುದುಂಟು. ಅದಕ್ಕಾಗಿಯೇ, ಸಿಕ್ಕಿದವರು ತಲುಪಿಸಲೆಂದು, ತಮ್ಮ ಹೆಸರು ವಿಳಾಸಗಳನ್ನು ವಿಮಾನದ ಮೇಲೆ ಬರೆದು ಅಂಟಿಸಿ ಬಿಡುತ್ತಾರೆ.