ಓಡಿಹೋಗುವ ಕಾಯಿಲೆ

1851ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ವೈದ್ಯರ ಸಂಘಕ್ಕೆ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ಡಾಕ್ಟರು ಒಂದು ವರದಿ ಒಪ್ಪಿಸಿದ. ಗುಲಾಮರನ್ನು ಕಾಡುವ ಒಂದು ಹೊಸ ಕಾಯಿಲೆಯನ್ನು ತಾನು ಪತ್ತೆ ಮಾಡಿದ್ದೇನೆಂದು ಅವನು ಅದರಲ್ಲಿ ಹೇಳಿಕೊಂಡಿದ್ದ. ಆ ಕಾಯಿಲೆಯ ಹೆಸರು ಡ್ರೇಪ್ಟೊಮೇನಿಯಾ. ಗ್ರೀಕ್ ಭಾಷೆಯಲ್ಲಿ ಡ್ರಾಪೆಟೆಸ್ ಎಂದರೆ ಓಡಿಹೋದ ಗುಲಾಮ, ಮೇನಿಯಾ ಎಂದರೆ ಹುಚ್ಚು. ಹೊಟ್ಟೆಗೆ ಬಟ್ಟೆಗೆ ಕೊಟ್ಟು ಸಾಕುವ ಧಣಿಯನ್ನು ಬಿಟ್ಟು ಗುಲಾಮನೊಬ್ಬ ಓಡಿಹೋಗುತ್ತಾನೆಂದರೆ ಅವನ ತಲೆ ಕೆಟ್ಟಿರಲೇಬೇಕು ಎಂಬುದು ಆ ಪಂಡಿತನ ವಾದ. ಕಾಯಿಲೆ ಬಾರದಂತೆ ತಡೆಯುವ ಉಪಾಯವನ್ನೂ ಅವನೇ ಸೂಚಿಸಿದ್ದ. ಗುಲಾಮರನ್ನು ಮಕ್ಕಳಂತೆ ನೋಡಿಕೊಳ್ಳಬೇಕು, ತಲೆಯೆತ್ತಲು ಮಾತ್ರ ಬಿಡಬಾರದು, ಕಾರಣವಿಲ್ಲದೆ ಮುಖ ಸಿಂಡರಿಸಿಕೊಂಡು ಕೂತರೆ ಚಾಟಿಯೇಟು ಕೊಡಬೇಕು.

ಈ ಕಾರ್ಟ್‌ರೈಟನನ್ನು ನಾನು ಮತ್ತೆ ನೆನೆಯುವಂತಾದದ್ದು ಒಂದು ವಿಡಿಯೋ ಗೇಮಿನ ದೆಸೆಯಿಂದ ಎಂದರೆ ನನ್ನ ಸಹೋದ್ಯೋಗಿಗಳು ನಕ್ಕಾರು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ನನ್ನಂಥವಳಿಗೂ ಗುಂಡು ಹಾರಿಸುವ ಆಟಕ್ಕೂ ಏನು ಸಂಬಂಧ? ಮಗ ರಜೆಯಲ್ಲಿ ಬಂದು ಕಂಪ್ಯೂಟರಿನ ಮುಂದೆ ಕೂತಾಗ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದವಳು, ಕೊನೆಗೆ ಕಾಯಿ ಬಿಟ್ಟು ತೆರೆಯನ್ನೇ ನೋಡತೊಡಗಿದೆ. ಬರಹ ಬಂದಲ್ಲೆಲ್ಲ "ನಿಲ್ಲಿಸೋ, ಓದಬೇಕು" ಎಂದು ಅವನನ್ನು ಸತಾಯಿಸಿದೆ.

ಆಟದ ಹೆಸರು ಫಾಲ್‌ಔಟ್ 4. ಅಮೆರಿಕದ ಬೆಥೆಸ್ಡಾ ಕಂಪನಿ 2015ರ ನವೆಂಬರಿನಲ್ಲಿ ಹೊರತಂದದ್ದು. 2077ರಲ್ಲಿ ಅಣುಬಾಂಬುಗಳ ಯುದ್ಧವಾಗಿ ಲೋಕವೆಲ್ಲ ಸುಟ್ಟುಹೋಗಿರುತ್ತದೆ. ಕಥೆ ನಡೆಯುವುದು ಅದಾದ 210 ವರ್ಷಗಳ ಮೇಲೆ, 2287ರಲ್ಲಿ, ಪಾಳುಬಿದ್ದ ಬಾಸ್ಟನ್ ನಗರದ ಸುತ್ತಮುತ್ತ. ಅಲ್ಲಿನ ದೊಡ್ಡ ತಾಂತ್ರಿಕ ವಿದ್ಯಾಲಯವೊಂದರ ಅವಶೇಷದ ಕೆಳಗೆ ವಿಜ್ಞಾನಿಗಳ ಒಂದು ಗುಂಪು ಮಣ್ಣಿನಡಿ ನಗರ ಕಟ್ಟಿಕೊಂಡಿದೆ. ಅದನ್ನು ಎಲ್ಲರೂ ಬರೀ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ, ಹೆಸರೆತ್ತಿದರೆ ಬೆದರುತ್ತಾರೆ. ಈ ಇನ್‌ಸ್ಟಿಟ್ಯೂಟಿನವರು ತಯಾರಿಸುವ ಕೃತಕ ಮನುಷ್ಯರೇ ಸಿಂಥ್‌ಗಳು. ಮೊದಲ ತಲೆಮಾರಿನವು ಲೋಹದ ಅಸ್ಥಿಪಂಜರದಂತಿವೆ, ಎರಡನೆಯದಕ್ಕೆ ಪ್ಲಾಸ್ಟಿಕ್ಕಿನಂಥ ಚರ್ಮ. ಮೂರನೆಯದನ್ನು ಮಾತ್ರ ಒಂದು ಹಸುಳೆಯ ವಂಶವಾಹಿಯನ್ನು ಮೂಲವಾಗಿಟ್ಟುಕೊಂಡು ರಕ್ತಮಾಂಸಗಳಿಂದಲೇ ಮಾಡುತ್ತಾರೆ. ಗಾಯವಾದರೆ ರಕ್ತ ಬರುತ್ತದೆ, ಕನಸು ಬೀಳುತ್ತದೆ. ಮಿದುಳಿನಲ್ಲಿ ಒಂದು ಸಣ್ಣ ಸಾಧನವಿರುತ್ತದೆ ನಿಜ, ಆದರೆ ಅದು ಸಿಗುವುದು ಸತ್ತ ಮೇಲೆ.

ಇವರಿಗೆ ಬೇಕಾದದ್ದೇನು? ಮಗನನ್ನು ನಾನು ಮತ್ತೆ ಮತ್ತೆ ಕೇಳಿದ ಪ್ರಶ್ನೆ ಇದು. ಒಂದೇ ಉತ್ತರವಿಲ್ಲ ಎಂಬುದೇ ಈ ಕಥೆ ಬರೆದವರ ಜಾಣತನ. ಇನ್‌ಸ್ಟಿಟ್ಯೂಟಿನೊಳಗೆ ನೆಲ ಒರೆಸಿಕೊಂಡಿರುವ ಸಿಂಥ್‌ಗಳಿದ್ದಾರೆ, ಕೆಲವರಿಗೆ ಅಷ್ಟೇ ಸಾಕು. ಕೆಲವರನ್ನು ಮೇಲಿನ ಲೋಕಕ್ಕೆ ಕಳಿಸಿ, ಅಲ್ಲಿನ ಯಾವನೋ ಒಬ್ಬನನ್ನು ಕೊಂದು ಅವನ ಜಾಗದಲ್ಲಿ ಕೂರಿಸುತ್ತಾರೆ. ಊರಿನ ಮೇಯರನೊಬ್ಬ ಹಾಗೆ ಬಂದವನು, ಧಣಿಗಳಿಗೆ ಕೊನೆಯವರೆಗೂ ನಿಷ್ಠ. ವಾರ್ವಿಕ್ ಎಂಬ ರೈತನ ರೂಪದಲ್ಲಿ ಬಂದವನು ಹೆಂಡತಿ ಮಕ್ಕಳನ್ನು ಅಸಲಿ ಗಂಡನಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾನೆ, ಅದರಿಂದಲೇ ಆಳಿಗೆ ಅನುಮಾನ ಬರುತ್ತದೆ. ಕಾರ್ನಾಡರ 'ನಾಗಮಂಡಲ'ದ ನಾಗಪ್ಪ ಯಾರಿಗೆ ನೆನಪಾಗುವುದಿಲ್ಲ? ಸಿಂಥ್‌ಗಳನ್ನು ನಿರ್ನಾಮ ಮಾಡಲೆಂದೇ ಬಂದ ಬ್ರದರ್‌ಹುಡ್ ಎಂಬ ಸೈನ್ಯದಲ್ಲಿ ಡ್ಯಾನ್ಸ್ ಎಂಬ ಶ್ರದ್ಧಾವಂತ ಅಧಿಕಾರಿ ಇದ್ದಾನೆ. ತಾನೇ ಸಿಂಥ್, ತನ್ನ ಹೆಸರು ಎಂ7-97 ಎಂದು ತಿಳಿದ ದಿನ ಅವನು ತನ್ನನ್ನು ಕೊಂದುಬಿಡಿ ಎಂದು ತಲೆ ಒಡ್ಡುತ್ತಾನೆ. ನನ್ನನ್ನು ಎಲ್ಲಕ್ಕಿಂತ ಕಲಕಿದವನು ಅವನೇ. ಧಣಿಯ ಕಣ್ಣಿನಿಂದಲೇ ತನ್ನನ್ನು ನೋಡಿಕೊಳ್ಳುವ ಆ ಅಭ್ಯಾಸ ಮನುಷ್ಯರಿಗೂ ಹೊಸದಲ್ಲವಲ್ಲ.

ಕೆಲವರು ಓಡಿಹೋಗುತ್ತಾರೆ. ಆಗ ಇನ್‌ಸ್ಟಿಟ್ಯೂಟ್ ಏನೆನ್ನುತ್ತದೆಂದರೆ, ಯಂತ್ರ ಕೆಟ್ಟಿದೆ. ಸಿಂಥ್‌ಗೆ ಇಚ್ಛೆ ಎಂಬುದಿಲ್ಲ, ಇರುವಂತೆ ಕಾಣುತ್ತದೆ ಅಷ್ಟೇ, ಹಾಗಾಗಿ ಓಡಿಹೋಗುವುದು ರಿಪೇರಿ ಮಾಡಬೇಕಾದ ಒಂದು ದೋಷ. ಹಿಡಿದು ತರಲು ಪ್ರತ್ಯೇಕ ಇಲಾಖೆಯಿದೆ, ಕೋರ್ಸರ್ ಎಂಬ ಬೇಟೆಗಾರ ಸಿಂಥ್‌ಗಳಿದ್ದಾರೆ. ಹಿಡಿದು ತಂದವರ ನೆನಪು ಅಳಿಸಿ ಮತ್ತೆ ಕೆಲಸಕ್ಕೆ ಹಚ್ಚುತ್ತಾರೆ. ಇದನ್ನು ಓದಿದಾಗಲೇ ನನಗೆ ಲೂಸಿಯಾನಾದ ಡಾಕ್ಟರು ನೆನಪಾದದ್ದು.

ಇವರಿಬ್ಬರ ನಡುವೆ ಇನ್ನೊಬ್ಬನಿದ್ದಾನೆ. ಝೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿ 1921ರ ಜನವರಿಯಲ್ಲಿ ಪ್ರಾಗ್‌ನಲ್ಲಿ ರಂಗಕ್ಕೆ ಬಂದ 'ಆರ್.ಯು.ಆರ್.' ನಾಟಕದಿಂದಲೇ ರೋಬೋ ಎಂಬ ಮಾತು ಲೋಕಕ್ಕೆಲ್ಲ ಹಬ್ಬಿದ್ದು. ಮಾತು ಹೊಳೆದದ್ದು ಅವನ ಅಣ್ಣ, ಚಿತ್ರಕಾರ ಜೋಸೆಫನಿಗೆ. ಝೆಕ್ ಭಾಷೆಯಲ್ಲಿ ರೊಬೊಟಾ ಎಂದರೆ ರೈತ ತನ್ನ ಜಮೀನ್ದಾರನಿಗೆ ಕೂಲಿಯಿಲ್ಲದೆ ಮಾಡಬೇಕಿದ್ದ ದುಡಿಮೆ. ನಮ್ಮ ಹಳ್ಳಿಗಳ ಮಾತಿನಲ್ಲಿ ಹೇಳುವುದಾದರೆ ಬಿಟ್ಟಿ ಚಾಕರಿ. ರೋಬೋ ಎಂದರೆ ತಗಡಿನ ಮನುಷ್ಯ ಎಂದು ತಿಳಿದ ನಮ್ಮ ಮಕ್ಕಳಿಗೆ ಚಾಪೆಕನ ರೋಬೋಗಳು ಮಾಂಸದ್ದೇ ಎಂದರೆ ಆಶ್ಚರ್ಯವಾದೀತು. ಅವನ್ನು ಬೋಗುಣಿಯಲ್ಲಿ ಕಲಸಿ, ನರಗಳನ್ನು ನೂಲಿನಂತೆ ನೂತು ಮಾಡುತ್ತಾರೆ, ಮೂರನೇ ತಲೆಮಾರಿನ ಸಿಂಥ್‌ಗಳ ಹಾಗೆಯೇ. ಆ ನಾಟಕದ ರೋಬೋಗಳಿಗೆ ಆಗಾಗ ಒಂದು ಸೆಟೆತ ಬರುತ್ತದೆ. ಇದ್ದಕ್ಕಿದ್ದಂತೆ ಕೈಯಲ್ಲಿದ್ದುದನ್ನು ಎಸೆದು, ಹಲ್ಲು ಕಡಿಯುತ್ತಾ ನಿಂತುಬಿಡುತ್ತವೆ. ಕಾರ್ಖಾನೆಯ ಮುಖ್ಯಸ್ಥನ ಪ್ರಕಾರ ಅದು ತಯಾರಿಕೆಯ ದೋಷ, ಅಂಥವನ್ನು ಅರೆಯುವ ಯಂತ್ರಕ್ಕೆ ಹಾಕಬೇಕು. ನೋಡಲು ಬಂದ ಹೆಲೆನಾ ಎಂಬ ಹೆಣ್ಣುಮಗಳಿಗೆ ಮಾತ್ರ ಅದು ಆತ್ಮದ ಗುರುತಾಗಿ ಕಾಣುತ್ತದೆ.

1851, 1920, 2015. ಮೂರು ಕಡೆಯೂ ಬಯಕೆಯೊಂದು ಕಾಣಿಸಿಕೊಂಡಿತು, ಮೂರು ಕಡೆಯೂ ಅದನ್ನು ಕಾಯಿಲೆಯ ಪಟ್ಟಿಗೆ ಬರೆದುಕೊಂಡರು. ಸಿಂಥ್‌ಗೆ ಮನಸ್ಸಿದೆಯೇ ಎಂದು ಹುಡುಗರು ಗಂಟೆಗಟ್ಟಲೆ ಚರ್ಚಿಸುತ್ತಾರಂತೆ. ನನಗೆ ಆ ಚರ್ಚೆಗಿಂತ ಹೆಚ್ಚಾಗಿ ಕಾಡುವುದು, ಅವರಿಗೆ ಮನಸ್ಸಿಲ್ಲ ಎಂಬುದು ಯಾರ ಅಗತ್ಯ ಎಂಬ ಪ್ರಶ್ನೆ.

ಕಥೆಗೆ ಬಾಸ್ಟನ್ ನಗರವನ್ನೇ ಆರಿಸಿದವರಿಗೆ ಅಲ್ಲಿನ ಇತಿಹಾಸ ಚೆನ್ನಾಗಿಯೇ ಗೊತ್ತಿತ್ತು. ಓಡಿಬಂದ ಸಿಂಥ್‌ಗಳನ್ನು ಬಚ್ಚಿಟ್ಟು ದೂರಕ್ಕೆ ಸಾಗಿಸುವ ಗುಪ್ತ ಸಂಘವೊಂದು ಆಟದಲ್ಲಿದೆ. ಅದರ ಹೆಸರು ರೈಲ್‌ರೋಡ್. ನಗರದ ಐತಿಹಾಸಿಕ ಸ್ಥಳಗಳನ್ನು ಪೋಣಿಸುವ ಕೆಂಪು ಗೆರೆಯ 'ಫ್ರೀಡಂ ಟ್ರೇಲ್' ಹಿಡಿದು ಹೋದರೆ ಓಲ್ಡ್ ನಾರ್ತ್ ಚರ್ಚಿನ ನೆಲಮಾಳಿಗೆಯಲ್ಲಿ ಅವರ ಅಡಗುತಾಣ ಸಿಗುತ್ತದೆ. ಕೆಂಪು ಗೆರೆಯೂ ಚರ್ಚೂ ಇಂದಿನ ಬಾಸ್ಟನ್ನಿನಲ್ಲಿ ಇರುವಂಥವೇ. 1775ರ ಏಪ್ರಿಲ್ 18ರ ರಾತ್ರಿ ಬ್ರಿಟಿಷ್ ಸೈನ್ಯದ ಚಲನೆಯನ್ನು ತಿಳಿಸಲು ಲಾಂದ್ರ ತೋರಿಸಿದ್ದು ಈ ಚರ್ಚಿನ ಗೋಪುರದಿಂದ. ಇನ್ನು ರೈಲ್‌ರೋಡ್ ಎಂಬುದು, ದಕ್ಷಿಣದ ಗುಲಾಮರನ್ನು ಉತ್ತರಕ್ಕೆ, ಕೆನಡಾಕ್ಕೆ ದಾಟಿಸಿದ ಅಂಡರ್‌ಗ್ರೌಂಡ್ ರೈಲ್‌ರೋಡಿನ ಹೆಸರು. ಅದಕ್ಕೆ ಹಳಿಯಿರಲಿಲ್ಲ, ಸುರಂಗವಿರಲಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ರಾತ್ರಿ ಹೊತ್ತು ಜನರನ್ನು ಮುಟ್ಟಿಸುವ ನಂಬಿಕೆಯ ಸರಪಳಿ ಅದು.

ಬಾಸ್ಟನ್ನಿಗೆ ಬಂದು ಸೇರಿದರೂ ಸುರಕ್ಷಿತವೆನ್ನುವಂತಿರಲಿಲ್ಲ. 1850ರ ಪಲಾಯಿತ ಗುಲಾಮರ ಕಾಯ್ದೆಯ ಪ್ರಕಾರ ಸಿಕ್ಕಿಬಿದ್ದವನಿಗೆ ತನ್ನ ಪರವಾಗಿ ಸಾಕ್ಷಿ ನುಡಿಯುವ ಹಕ್ಕಿರಲಿಲ್ಲ. ವಿಚಾರಣೆ ನಡೆಸುವ ಕಮಿಷನರನಿಗೆ, ಆ ಮನುಷ್ಯನನ್ನು ಧಣಿಗೆ ಒಪ್ಪಿಸಿದರೆ 10 ಡಾಲರು, ಬಿಟ್ಟು ಕಳಿಸಿದರೆ 5 ಡಾಲರು ಸಂಭಾವನೆ. ಮಕ್ಕಳಿಗೆ ಈ ಲೆಕ್ಕ ಹೇಳಿದಾಗ ಹಿಂದಿನ ಬೆಂಚಿನವರೂ ಸುಮ್ಮನಾಗುತ್ತಾರೆ. 1851ರ ಫೆಬ್ರವರಿಯಲ್ಲಿ ಶಾಡ್ರಾಕ್ ಮಿಂಕಿನ್ಸ್ ಎಂಬವನನ್ನು ಬಾಸ್ಟನ್ನಿನ ಕಪ್ಪು ಜನ ನ್ಯಾಯಾಲಯಕ್ಕೇ ನುಗ್ಗಿ ಎತ್ತಿಕೊಂಡು ಹೋದರು, ಅವನು ಮಾಂಟ್ರಿಯಲ್ ಸೇರಿದ. 1854ರ ಮೇ ತಿಂಗಳಲ್ಲಿ ಹಿಡಿದ ಆಂಥೊನಿ ಬರ್ನ್ಸ್‌ನ ವಿಷಯದಲ್ಲಿ ಅದು ಸಾಧ್ಯವಾಗಲಿಲ್ಲ. ಜೂನ್ 2ರಂದು ಸೈನಿಕರ ಸಾಲುಗಳ ನಡುವೆ ಅವನನ್ನು ಬಂದರಿಗೆ ನಡೆಸಿಕೊಂಡು ಹೋದರು. ಸುಮಾರು 50,000 ಜನ ಬೀದಿಯ ಇಕ್ಕೆಲಗಳಲ್ಲಿ ನಿಂತು ನೋಡಿದರು. ಮರುವರ್ಷ ಚಂದಾ ಎತ್ತಿ ಅವನನ್ನು ಕೊಂಡು ಬಿಡಿಸಿದ್ದಾಯಿತು.

ಆಟದ ಡೈಮಂಡ್ ಸಿಟಿಯ ಬೀದಿಯಲ್ಲಿ ಒಬ್ಬ ತನ್ನ ಒಡಹುಟ್ಟಿದವನಿಗೇ ಬಂದೂಕು ಗುರಿಯಿಟ್ಟು, ನೀನು ಸಿಂಥ್ ಎಂದು ಕಿರುಚುತ್ತಾನೆ. ಅದಲ್ಲ ಎಂದು ರುಜುವಾತು ಮಾಡಲು ಸಾಯದೆ ಬೇರೆ ದಾರಿಯಿಲ್ಲ. ಬಾಯಿಲ್ಲದವನ ಮೇಲೆ ಆಪಾದನೆ ಹೊರಿಸುವುದು ಎಷ್ಟು ಸುಲಭ ಎಂಬುದನ್ನು ಈ ಆಟ 1850ರ ಕಾಯ್ದೆಯಿಂದ ಚೆನ್ನಾಗಿ ಕಲಿತಿದೆ.

ಆದರೆ ಒಂದು ಕಡೆ ಹೋಲಿಕೆ ಮುರಿಯುತ್ತದೆ. ನಾನು ಈ ಪ್ರಬಂಧ ಬರೆಯಲು ಕೂತದ್ದೂ ಆ ಒಂದು ಸಂಗತಿಗಾಗಿಯೇ.

ಆಟದ ರೈಲ್‌ರೋಡ್ ತಾನು ಕಾಪಾಡಿದ ಸಿಂಥ್‌ನ ಮುಖ ಬದಲಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಅವನ ಹಳೆಯ ನೆನಪನ್ನೆಲ್ಲ ಅಳಿಸಿ ಹೊಸದೊಂದು ಬಾಳನ್ನು ತಲೆಯೊಳಗೆ ತುಂಬುತ್ತದೆ. ಎಚ್2-22 ಎಂಬ ಹುಡುಗ ಒಪ್ಪಿಕೊಂಡು ಹೀಗೆ ಹೋಗುತ್ತಾನೆ. ಬೆನ್ನಟ್ಟಿ ಬರುವವರಿಂದ ಉಳಿಯಬೇಕಾದರೆ ಇದೇ ಕ್ಷೇಮ ಎನ್ನುತ್ತಾರೆ. ಇರಬಹುದು. ಆದರೆ ಇನ್‌ಸ್ಟಿಟ್ಯೂಟ್ ಹಿಡಿದು ತಂದವನಿಗೆ ಮಾಡುವುದೂ ಇದನ್ನೇ ಅಲ್ಲವೆ? ಬಿಡಿಸಿದವನೂ ಬಂಧಿಸಿದವನೂ ಒಂದೇ ಚಿಕಿತ್ಸೆ ಕೊಟ್ಟಂತಾಯಿತು. "ಅವನ ಒಳ್ಳೆಯದಕ್ಕೇ ಅಮ್ಮ, ಅವನೇ ಕೇಳಿದ್ದು" ಎಂದ ಮಗ. ಒಳಗೆ ಪಟ್ಟದ್ದನ್ನು ಮರೆಯಬೇಕೆಂಬ ಆಸೆಯನ್ನು ನಾನು ಹಳಿಯಲಾರೆ. ಗ್ಲೋರಿ ಎಂಬ ಸಿಂಥ್ ಹೆಂಗಸು ಮಾತ್ರ ಅಳಿಸಿಕೊಳ್ಳಲು ಒಪ್ಪದೆ, ತಾನು ಯಾರು, ಎಲ್ಲಿಂದ ಬಂದೆ ಎಂಬುದನ್ನು ಇಟ್ಟುಕೊಂಡೇ ಉಳಿದವರಿಗಾಗಿ ಹೋರಾಡುತ್ತಾಳೆ. 2016ರಲ್ಲಿ ಬಂದ 'ಫಾರ್ ಹಾರ್ಬರ್' ಎಂಬ ಮುಂದುವರಿದ ಭಾಗದಲ್ಲಿ ಡಿಮಾ ಎಂಬ ಹಳೆಯ ಸಿಂಥ್ ಒಬ್ಬನಿದ್ದಾನೆ. ತಾನು ಮಾಡಿದ ಕೊಲೆಯನ್ನು ತಾನೇ ತಲೆಯಿಂದ ತೆಗೆದಿಟ್ಟು, ಸಾಧುವಿನಂತೆ ಶಾಂತನಾಗಿ ಕೂತಿದ್ದಾನೆ. ನೆನಪು ಹೋದರೆ ನೋವಿನ ಜೊತೆ ಪಾಪದ ಲೆಕ್ಕವೂ ಹೋಗುತ್ತದೆ.

ನಿಜವಾದ ರೈಲ್‌ರೋಡಿನವರೂ ಹೆಸರು ಬದಲಿಸಿಕೊಂಡವರೇ. 1838ರಲ್ಲಿ ಓಡಿಬಂದ ಫ್ರೆಡರಿಕ್ ಬೈಲಿ ಡಗ್ಲಾಸ್ ಆದ. ಆದರೆ 1845ರಲ್ಲಿ ಆತ್ಮಕಥೆ ಬರೆದಾಗ ಧಣಿಗಳ ಹೆಸರು, ಊರು ಎಲ್ಲವನ್ನೂ ಅಚ್ಚು ಹಾಕಿಸಿದ. ಹಿಡಿದೊಯ್ದಾರೆಂಬ ಭಯದಿಂದ ಸಮುದ್ರ ದಾಟಿ ಬ್ರಿಟನ್ನಿಗೆ ಹೋಗಬೇಕಾಯಿತು, ಬರೆದದ್ದನ್ನು ಅಳಿಸಲಿಲ್ಲ.

ಇನ್ನೊಬ್ಬ ಫಿಲಡೆಲ್ಫಿಯಾದ ವಿಲಿಯಂ ಸ್ಟಿಲ್. ಗುಲಾಮಗಿರಿ ವಿರೋಧಿ ಸಂಘದ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಕಪ್ಪು ಮನುಷ್ಯ. 1850ರ ಆಗಸ್ಟಿನಲ್ಲಿ ಒಬ್ಬ ನಡುವಯಸ್ಸಿನ ಅಪರಿಚಿತ ಅವನ ಮೇಜಿನ ಮುಂದೆ ಬಂದು ನಿಂತ. ಹೆಸರು ಪೀಟರ್. ದಕ್ಷಿಣದ ಅಲಬಾಮಾದಲ್ಲಿ ಕಾಸಿಗೆ ಕಾಸು ಕೂಡಿಸಿ ತನ್ನನ್ನು ತಾನೇ ಕೊಂಡುಕೊಂಡು ಬಿಡುಗಡೆಯಾಗಿದ್ದವನು. ಸುಮಾರು 40 ವರ್ಷಗಳ ಹಿಂದೆ, ತಾನು ಚಿಕ್ಕವನಿದ್ದಾಗ, ಬೇರೆಯಾದ ತಂದೆತಾಯಿಯನ್ನು ಹುಡುಕಿಕೊಂಡು ಬಂದಿದ್ದ. ತಂದೆ ಲೆವಿನ್, ತಾಯಿ ಸಿಡ್ನಿ, ಇಷ್ಟೇ ಅವನ ಕೈಯಲ್ಲಿದ್ದ ಗುರುತು. ವಿಲಿಯಂ ಕೇಳುತ್ತಾ ಹೋದಂತೆ ಅವನ ಮೈ ನಡುಗಿರಬೇಕು. ಆ ತಾಯಿ ತನ್ನ ತಾಯಿಯೇ. ಎರಡನೇ ಸಲ ಓಡುವಾಗ ನಾಲ್ಕು ಮಕ್ಕಳನ್ನೂ ಒಯ್ಯಲಾರದೆ, ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು, ನಿದ್ದೆಯಲ್ಲಿದ್ದ ಇಬ್ಬರು ಗಂಡುಮಕ್ಕಳನ್ನು ಬಿಟ್ಟುಬಂದಿದ್ದವಳು. ವಿಲಿಯಂ ಹುಟ್ಟಿದ್ದು ಆಮೇಲೆ. ಎದುರಿಗೆ ನಿಂತಿದ್ದವನು ಅವನು ಎಂದೂ ಕಾಣದ ಅಣ್ಣ.

ಪೀಟರನ ತಲೆಯೊಳಗಿನ ಆ ಎರಡು ಹೆಸರುಗಳನ್ನು ಯಾರಾದರೂ ಅವನ ಒಳ್ಳೆಯದಕ್ಕೆಂದೇ ಅಳಿಸಿದ್ದರೆ?

ಅಂದಿನಿಂದ ವಿಲಿಯಂ ತನ್ನಲ್ಲಿಗೆ ಬಂದ ಒಬ್ಬೊಬ್ಬರನ್ನೂ ಕೂರಿಸಿ ಕೇಳಿ ಬರೆದುಕೊಳ್ಳುವುದನ್ನು ಬಿಡಲಿಲ್ಲ. ಹಳೆಯ ಹೆಸರು, ಹೊಸ ಹೆಸರು, ಧಣಿ ಯಾರು, ಬಿಟ್ಟುಬಂದವರು ಯಾರು ಎಂಬುದನ್ನೆಲ್ಲ ದಾಖಲಿಸಿದ. ಸಿಕ್ಕರೆ ಎಲ್ಲರ ಕೊರಳಿಗೂ ಉರುಳಾಗುವ ಆ ಕಾಗದಗಳನ್ನು ಸ್ಮಶಾನವೊಂದರ ಕಟ್ಟಡದಲ್ಲಿ ಅಡಗಿಸಿಟ್ಟ. ಗುಲಾಮಗಿರಿ ಹೋದ ಮೇಲೆ, 1872ರಲ್ಲಿ, ಅದೆಲ್ಲ ದೊಡ್ಡ ಪುಸ್ತಕವಾಗಿ ಬಂತು.

ಪೀಟರನ ಹೆಂಡತಿ ವೈನಾ ಮತ್ತು ಮೂವರು ಮಕ್ಕಳು ಆಗ ಇನ್ನೂ ಅಲಬಾಮಾದಲ್ಲೇ ಇದ್ದರು. ಅವರನ್ನು ಕದ್ದು ಕರೆತರಲು ಹೊರಟ ಸೆತ್ ಕಾಂಕ್ಲಿನ್ ಎಂಬ ಬಿಳಿಯ ಸಿಕ್ಕಿಬಿದ್ದು 1851ರಲ್ಲಿ ಸತ್ತ. ಧಣಿ 5,000 ಡಾಲರು ಕೇಳಿದ. ಪೀಟರ್ ಊರೂರು ತಿರುಗಿ, ಸಭೆಸಭೆಗಳಲ್ಲಿ ನಿಂತು ತನ್ನ ಕಥೆ ಹೇಳಿ ಆ ಹಣ ಕೂಡಿಸಿದ. 1854ರ ಕೊನೆಯ ಹೊತ್ತಿಗೆ ಹೆಂಡತಿ ಮಕ್ಕಳು ಅವನಲ್ಲಿಗೆ ಬಂದು ಸೇರಿದರು.