ಎರಡು–ಮೂರು ವಾಕ್ಯಗಳಲ್ಲಿ ಉತ್ತರಿಸಿ

ಆರರಿಂದ ಎಂಟನೇ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ‘ಬಿಟ್ಟ ಸ್ಥಳ ತುಂಬಿರಿ’, ‘ಹೊಂದಿಸಿ ಬರೆಯಿರಿ’ ಮುಗಿದು ‘ಎರಡು–ಮೂರು ವಾಕ್ಯಗಳಲ್ಲಿ ಉತ್ತರಿಸಿ’ ಶುರುವಾಗುವ ಕಡೆ ಅನೇಕ ಮಕ್ಕಳ ಪೆನ್ನು ನಿಂತುಬಿಡುತ್ತದೆ. ಪಾಠ ಗೊತ್ತಿಲ್ಲವೆಂದಲ್ಲ, ಕೇಳಿದರೆ ಬಾಯಲ್ಲಿ ಹೇಳುತ್ತಾರೆ. ಬರೆದು ಉತ್ತರಿಸುವುದನ್ನು ಶಾಲೆಗಳು ಬಹುಕಾಲ ಪರೀಕ್ಷಿಸುತ್ತ ಬಂದವು, ಕಲಿಸಿದ್ದು ಕಡಿಮೆ. ಅಮೆರಿಕದ ಅನುಭವವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

1845ರಲ್ಲಿ ಹೊರೇಸ್ ಮ್ಯಾನ್ ಅವರ ಒತ್ತಾಸೆಯಿಂದ ಬಾಸ್ಟನ್ ಶಾಲೆಗಳಲ್ಲಿ ಮೌಖಿಕ ಪರೀಕ್ಷೆಯ ಜಾಗಕ್ಕೆ ಲಿಖಿತ ಪರೀಕ್ಷೆ ಬಂತು. ಬರೆದ ಉತ್ತರಕ್ಕೆ ಒಬ್ಬೊಬ್ಬ ಶಿಕ್ಷಕರು ಒಂದೊಂದು ರೀತಿ ಅಂಕ ಕೊಡುತ್ತಾರೆಂಬ ದೂರಿಗೆ ಕಾನ್ಸಾಸ್‌ನ ಫ್ರೆಡರಿಕ್ ಕೆಲ್ಲಿ 1915ರ ಹೊತ್ತಿಗೆ ಬಹು ಆಯ್ಕೆಯ ಪರಿಹಾರ ಕಂಡುಕೊಂಡರು. ಮೊದಲ ಮಹಾಯುದ್ಧದಲ್ಲಿ ಸೇನೆಯೂ ಅದನ್ನು ಬಳಸಿತು. ಅಂಕ ಹಾಕುವುದು ಸುಲಭವಾಯಿತು, ಬರವಣಿಗೆ ಹಿಂದೆ ಸರಿಯಿತು.

ಮಕ್ಕಳು ಬರೆಯುವಾಗ ತಲೆಯಲ್ಲಿ ಏನು ನಡೆಯುತ್ತದೆ ಎಂದು ಗಂಭೀರವಾಗಿ ವಿಚಾರಿಸಿದ್ದು 1971ರಲ್ಲಿ ಜಾನೆಟ್ ಎಮಿಗ್. 1981ರಲ್ಲಿ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ ಅದನ್ನು ಇನ್ನಷ್ಟು ಬಿಡಿಸಿ ತೋರಿಸಿದರು: ಯೋಜಿಸುವುದು, ವಾಕ್ಯ ಕಟ್ಟುವುದು, ಮತ್ತೆ ತಿದ್ದುವುದು ಒಂದರೊಳಗೊಂದು ಹೆಣೆದುಕೊಂಡಿವೆ. ಹಾಗಾದರೆ ಇವನ್ನು ಕಲಿಸಲೂ ಬಹುದಲ್ಲ? ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಬರೆಯುವ ಹಂತಗಳನ್ನು ನೇರವಾಗಿ ಹೇಳಿಕೊಟ್ಟರೆ ನಾಲ್ಕರಿಂದ ಹನ್ನೆರಡನೇ ತರಗತಿಯವರೆಗೆ ಒಳ್ಳೆಯ ಫಲವಿದೆ ಎಂದರು. ವ್ಯಾಕರಣವನ್ನು ಪ್ರತ್ಯೇಕವಾಗಿ ಹೇಳಿಕೊಟ್ಟರೆ ಬರವಣಿಗೆ ಸುಧಾರಿಸುವುದಿಲ್ಲ ಎಂಬುದೂ ಅದರಲ್ಲಿತ್ತು.

ನನ್ನ ಪ್ರಕಾರ ಇಡೀ ಕ್ಷೇತ್ರದಲ್ಲಿ ಮಾಧ್ಯಮಿಕ ತರಗತಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಕ್ಯಾಥರೀನ್ ಮೆಕ್‌ನೀಲ್, ಜೋಸೆಫ್ ಕ್ರಾಜ್‌ಸಿಕ್ ಮತ್ತು ಸಂಗಡಿಗರ 2006ರ ಕೆಲಸ. ಏಳನೇ ತರಗತಿಯ 331 ಮಕ್ಕಳಿಗೆ ರಸಾಯನಶಾಸ್ತ್ರದ ಪಾಠದಲ್ಲಿ ಉತ್ತರವನ್ನು ಹೇಳಿಕೆ, ಆಧಾರ, ತರ್ಕ ಎಂಬ ಮೂರು ಭಾಗಗಳಲ್ಲಿ ಬರೆಯಲು ಅಚ್ಚಾದ ಸುಳಿವುಗಳನ್ನು ಕೊಟ್ಟರು. ಒಂದು ಗುಂಪಿಗೆ ಸುಳಿವು ಕೊನೆಯವರೆಗೂ ಇತ್ತು, ಇನ್ನೊಂದಕ್ಕೆ ಬರಬರುತ್ತ ಕಡಿಮೆಯಾಯಿತು. ಸುಳಿವೇ ಇಲ್ಲದ ಪರೀಕ್ಷೆಯಲ್ಲಿ ಎರಡನೇ ಗುಂಪಿನ ಮಕ್ಕಳ ತರ್ಕವೇ ಗಟ್ಟಿಯಾಗಿತ್ತು.

ಅಮೆರಿಕದ ತರಗತಿಗಳಲ್ಲಿ ಇಂದು ಬಹಳ ಬಳಕೆಯಲ್ಲಿರುವ ‘ರೇಸ್’ ಸೂತ್ರವನ್ನೂ ಈ ಬೆಳಕಿನಲ್ಲೇ ನೋಡಬೇಕು. ಪ್ರಶ್ನೆಯನ್ನು ಮರಳಿ ಹೇಳು, ಉತ್ತರಿಸು, ಪಾಠದಿಂದ ಆಧಾರ ಕೊಡು, ವಿವರಿಸು: ಹೊಸಬರಿಗೆ ಇದು ಒಳ್ಳೆಯ ಊರುಗೋಲು. ವರ್ಷಪೂರ್ತಿ ಅದನ್ನೇ ಹಿಡಿಸಿದರೆ ಎಲ್ಲ ಮಕ್ಕಳ ಉತ್ತರವೂ ಒಂದೇ ಅಚ್ಚಿನದಾಗುತ್ತದೆ.

ನಮ್ಮಲ್ಲಿ 1993ರ ಯಶ್‌ಪಾಲ್ ಸಮಿತಿ ಕಲಿಕೆಯ ಹೊರೆಯ ಬಗ್ಗೆ ಎಚ್ಚರಿಸಿತು, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಂಠಪಾಠದಿಂದ ಹೊರಬರಲು ಹೇಳಿತು, 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮೌಲ್ಯಮಾಪನವನ್ನು ಕಾನೂನಾಗಿಸಿತು. ಆದರೂ ಎಷ್ಟೋ ತರಗತಿಗಳಲ್ಲಿ ಪ್ರಶ್ನೋತ್ತರವೆಂದರೆ ಬೋರ್ಡಿನ ಮೇಲಿನದನ್ನು ನೋಟ್ಸಿಗೆ ಇಳಿಸಿಕೊಳ್ಳುವುದೇ.

‘ಕಾರಣ ಕೊಡಿ: ಮಣ್ಣಿನ ಮಡಕೆಯ ನೀರು ತಂಪಾಗಿರುತ್ತದೆ’ ಎಂಬ ಪ್ರಶ್ನೆಯನ್ನೇ ನೋಡಿ. ‘ಮಡಕೆಯಲ್ಲಿ ಸಣ್ಣ ರಂಧ್ರಗಳಿವೆ’ ಎಂದು ಬರೆದು ಮಗು ನಿಲ್ಲಿಸುತ್ತದೆ. ಅದು ಆಧಾರ, ಕಾರಣ ಇನ್ನೂ ಬಂದಿಲ್ಲ. ‘ರಂಧ್ರವಿದ್ದರೆ ಏನಾಗುತ್ತೆ?’ ಎಂದು ಟೀಚರ್ ಕೇಳಿದರೆ ‘ನೀರು ಒಸರಿ ಆವಿಯಾಗುತ್ತೆ’ ಎನ್ನುತ್ತದೆ. ‘ಆವಿಯಾಗೋಕೆ ಶಾಖ ಎಲ್ಲಿಂದ ಬಂತು?’ ಎಂದರೆ ಉಳಿದ ವಾಕ್ಯವೂ ಹೊರಡುತ್ತದೆ: ಒಳಗಿನ ನೀರಿನ ಶಾಖವೇ ಹೋಗುವುದರಿಂದ ನೀರು ತಣ್ಣಗಾಗುತ್ತದೆ. ಮಗು ಆಗ ಬರೆಯುವ ಮೂರು ವಾಕ್ಯ ಗೈಡಿನಷ್ಟು ನಯವಾಗಿರಲಿಕ್ಕಿಲ್ಲ, ಆದರೆ ಪ್ರಶ್ನೆಯನ್ನು ತಿರುಗಿಸಿ ಕೇಳಿದರೂ ಅದಕ್ಕೆ ಬರೆಯಲು ಬರುತ್ತದೆ.

ಶಿಕ್ಷಕರಲ್ಲಿ ಒಂದು ಕೋರಿಕೆ. ಮುಂದಿನ ಘಟಕದಲ್ಲಿ ಒಂದೇ ಒಂದು ‘ಏಕೆ’ ಪ್ರಶ್ನೆಗೆ ನೋಟ್ಸ್ ಕೊಡಬೇಡಿ. ಉತ್ತರವನ್ನು ಮಕ್ಕಳೊಂದಿಗೆ ಬೋರ್ಡಿನ ಮೇಲೆ ಕಟ್ಟಿ, ಅಳಿಸಿ, ಆಮೇಲೆ ಅವರಿಂದ ಬರೆಸಿ. ಅಂಕ ಹಾಕುವ ಮುನ್ನ ತಿದ್ದಿ ಬರೆಯಲು ಇನ್ನೊಂದು ಅವಕಾಶ ಕೊಡಿ.